ತ್ರಿಪದಿ, ಹಲಗಿ ಮತ್ತು ಹತ್ತಕ್ಕೆ ಹನ್ನೆರಡರ ಕೋಣೆ

ನಾವು ಮೂವರು ಧಾರವಾಡದ ಬಾಡಿಗೆ ಮನೆಯೊಂದರ ಹತ್ತಕ್ಕೆ ಹನ್ನೆರಡು ಅಡಿ ಕೋಣೆಯಲ್ಲಿ ಹಾಡು ಮಾಡುತ್ತೇವೆ. ನಿರ್ಮಾಪಕರಿಲ್ಲ, ಆಡಿಯೋ ಕಂಪನಿ ಇಲ್ಲ. ಹೊಸದಾಗಿ ಹಾಡು ಕಟ್ಟಲು ಹೊರಟವರು ನಮ್ಮನ್ನು ಮೊದಲು ಕೇಳುವುದು ಸ್ಫೂರ್ತಿ ಎಲ್ಲಿಂದ ಬರುತ್ತದೆ ಎಂದು. ಈ ಸೀಮೆಯಲ್ಲಿ ಅದಕ್ಕೆ ಬರವಿಲ್ಲ. ಅಮಾವಾಸ್ಯೆ ರಾತ್ರಿಯ ಭಜನೆ, ಹುಬ್ಬಳ್ಳಿಯ ಹೋಳಿಯಲ್ಲಿ ಬಾರಿಸುವ ಚರ್ಮವಾದ್ಯ ಹಲಗಿ, ಬೆಟಗೇರಿಯ ಮಗ್ಗದ ಸದ್ದು, ಗೀಗೀ ಪದ ಹಾಡುವ ಮೇಳದ ತಂತಿವಾದ್ಯ ತುಂತುಣಿ, ಎಲ್ಲವೂ ಬಸ್ಸಿನ ದಾರಿಯಲ್ಲೇ ಇವೆ. ಕಷ್ಟ ಇರುವುದು ಕೇಳಿದ್ದನ್ನು ಹಾಡಿನೊಳಗೆ ತರುವಲ್ಲಿ. ಹೆಚ್ಚಿನವರು ನಾಲ್ಕು ಎಣಿಕೆಯ ರೆಡಿಮೇಡ್ ಲೂಪ್ (ಸುತ್ತಿ ಸುತ್ತಿ ಬರುವ ತಾಳದ ತುಣುಕು) ಹಾಕಿ, ಅದರ ಮೇಲೆ ಎಂಟು ಸೆಕೆಂಡಿನ ಹಲಗಿ ಸ್ಯಾಂಪಲ್ ಅಂಟಿಸಿ ಜಾನಪದ ಫ್ಯೂಷನ್ ಎನ್ನುತ್ತಾರೆ. ಅಲ್ಲಿ ಹಲಗಿ ಬರೀ ಒಗ್ಗರಣೆ. ನಾವು ಹಿಡಿದ ದಾರಿ ಬೇರೆ: ಕೇಳಿದ್ದರ ಸದ್ದಿಗಿಂತ ಮೊದಲು ಅದರ ಒಳಲೆಕ್ಕ ತೆಗೆಯುವುದು, ಆ ಲೆಕ್ಕವೇ ತಾಳ, ಶ್ರುತಿ, ಮೈಕು ಎಲ್ಲವನ್ನೂ ತೀರ್ಮಾನಿಸುವಂತೆ ಬಿಡುವುದು.

ಮೂರು ಸಾಲಿನ ಪದ್ಯವಾದ ತ್ರಿಪದಿಯಿಂದಲೇ ಶುರುಮಾಡಿ. ಹಾವೇರಿ ಸೀಮೆ ಸರ್ವಜ್ಞನ ನಾಡು, ಬೀಸುವ ಪದ ಕುಟ್ಟುವ ಪದಗಳೂ ಬಹುಪಾಲು ಇದೇ ಅಚ್ಚಿನವು. ಮಾತ್ರೆಯ ಲೆಕ್ಕದಲ್ಲಿ (ಲಘು ಅಕ್ಷರಕ್ಕೆ ಒಂದು, ಗುರುವಿಗೆ ಎರಡು) ಮೊದಲ ಸಾಲು 5, 5, 5, 5. ಎರಡನೆಯದು 5, 3, 5, 5. ಮೂರನೆಯದು 5, 3, 5. ಒಟ್ಟು ಹನ್ನೊಂದು ಗಣ, ಅಂದರೆ ಮಾತ್ರೆಗಳ ಗುಂಪು, ಅದರಲ್ಲಿ ಆರನೆಯದೂ ಹತ್ತನೆಯದೂ ಗಿಡ್ಡವು. ಅಭ್ಯಾಸಕ್ಕೆಂದು ನಾವೇ ಕಟ್ಟಿಕೊಂಡದ್ದು ಇದು:

ಮುಂಗಾರು ಮಳಿಬಂತು ಎರಿಮಣ್ಣು ನಕ್ಕೀತು
ಅಂಗಳದ ಹಲಗಿ ತಾನೆದ್ದು ಕುಣಿದೀತು
ಹಿಂಗ್ಯಾಕ ಮನವು ಹಸುರಾತು

ಇದನ್ನು ನಾಲ್ಕರ ತಾಳಕ್ಕೆ ಹಾಕಿ ನೋಡಿ. ಐದು ಮಾತ್ರೆಯ ಪ್ರತಿ ಗಣದಲ್ಲೂ ಒಂದು ಮಾತ್ರೆ ಹೆಚ್ಚಾಗಿ ಉಳಿಯುತ್ತದೆ. ಹಾಡುವವರು ಅದನ್ನು ನುಂಗಬೇಕು, ಇಲ್ಲವೇ ಎಲ್ಲ ಗಣಗಳನ್ನೂ ಎಂಟಕ್ಕೆ ಎಳೆಯಬೇಕು. ಹಾಡು ಜೋಲುವುದು ಇಲ್ಲಿಯೇ. ಅದೇ ಝಪತಾಳದ ಹತ್ತು ಮಾತ್ರೆಗೆ ಹಾಕಿದರೆ ಮೊದಲ ಸಾಲು ತಾಳದ ಎರಡು ಸುತ್ತಿಗೆ, ಅಂದರೆ ಎರಡು ಆವರ್ತನಕ್ಕೆ, ಸರಿಯಾಗಿ ಕೂಡುತ್ತದೆ. ಎರಡನೆಯ ಸಾಲಿನಲ್ಲಿ 'ಹಲಗಿ' ಎಂಬ ಮೂರು ಮಾತ್ರೆಯ ಕೊನೆಯ ಅಕ್ಷರವನ್ನು ಎರಡು ಮಾತ್ರೆ ಎಳೆದರೆ ಅದೂ ಇಪ್ಪತ್ತು. ಮೂರನೆಯದರಲ್ಲಿ 'ಮನವು' ಹಾಗೆಯೇ ಎಳೆದಾಗ ಹದಿನೈದು ಆಗಿ ಐದು ಮಾತ್ರೆ ಖಾಲಿ ಉಳಿಯುತ್ತದೆ. ಆ ಐದು ಮಾತ್ರೆಗೆ ಕೈಹಾಕಿ ತುಂಬಬೇಡಿ. ತುಂತುಣಿಯೋ ಕೊಳಲೋ ಗಿಟಾರೋ ಉತ್ತರ ಕೊಡುವ ಜಾಗ ಅದು. ಪದ್ಯವೇ ವಾದ್ಯಕ್ಕೆ ಜಾಗ ಬಿಟ್ಟುಕೊಟ್ಟಿದೆ. ಅರೇಂಜ್‌ಮೆಂಟ್ ಎಂದು ನಾವು ತಲೆಕೆಡಿಸಿಕೊಳ್ಳುವ ಅರ್ಧ ಕೆಲಸ ಹೀಗೆ ಛಂದಸ್ಸಿನಲ್ಲೇ ಮುಗಿದಿರುತ್ತದೆ.

ಇನ್ನೊಂದು ಸೂಕ್ಷ್ಮ ಇದೆ. ಝಪತಾಳದ ನಡೆ 2-3-2-3. 'ಮುಂಗಾರು' 2, 2, 1, ಅಂದರೆ 2-3 ಎಂದು ಒಡೆಯುತ್ತದೆ. 'ಮಳಿಬಂತು' ಕೂಡ ಹಾಗೆಯೇ. ಆದರೆ 'ದಿನಾಲೂ' ಎಂದು ಬರೆದರೆ 1, 2, 2 ಆಗಿ 'ನಾ' ಅಕ್ಷರ ಎರಡನೆಯ ಮಾತ್ರೆಯಿಂದ ಮೂರನೆಯದಕ್ಕೆ ದಾಟುತ್ತದೆ, ಪೆಟ್ಟು ಅಕ್ಷರದ ನಡುವೆ ಬೀಳುತ್ತದೆ. ಹಳೆಯ ಛಂದಸ್ಸಿನವರು ಲಗಾದಿ ಗಣವನ್ನು (ಲಘುವಿನ ಬೆನ್ನಿಗೇ ಗುರು ಬಂದು ಶುರುವಾಗುವುದು) ದೂರವಿಟ್ಟದ್ದರ ಕಾರಣ ಬಾಯಿಂದ ಹಾಡಿದಾಗ ತಿಳಿಯುತ್ತದೆ. 'ದಿನವೆಲ್ಲ' ಎಂದು ಬದಲಿಸಿ, 1, 1, 2, 1, ತೊಡಕು ಹೋಯಿತು. ಸಾಹಿತ್ಯ ಬರೆದ ಕಾಗದದ ಮೇಲೆ ಪ್ರತಿ ಅಕ್ಷರದ ಕೆಳಗೆ ಒಂದೋ ಎರಡೋ ಬರೆಯದೆ ನಾವು ರಾಗಕ್ಕೆ ಕೈಹಾಕುವುದಿಲ್ಲ.

ಕಂಪ್ಯೂಟರಿನಲ್ಲಿ ಪ್ರಾಜೆಕ್ಟ್ ತೆರೆದ ಕೂಡಲೆ ತಾಳವನ್ನು 4/4ರಿಂದ 10/4ಕ್ಕೆ ಬದಲಿಸಿ, ಕ್ಲಿಕ್ಕಿನ (ಎಣಿಕೆ ಹೇಳುವ ಟಕ್ ಟಕ್ ಸದ್ದು) ಒತ್ತು 1, 3, 6, 8ರ ಮೇಲೆ ಇಡಿ. ನಿಮಿಷಕ್ಕೆ 120 ಮಾತ್ರೆ ಇಟ್ಟರೆ ಒಂದು ತ್ರಿಪದಿ 60 ಮಾತ್ರೆ, ಅಂದರೆ 30 ಸೆಕೆಂಡು. ರೂಢಿಯಂತೆ ಎರಡನೆಯ ಸಾಲನ್ನು ಮರಳಿ ಹಾಡಿದರೆ 40 ಸೆಕೆಂಡು. ನಾಲ್ಕು ತ್ರಿಪದಿ, ಮೊದಲೊಂದು ಸಣ್ಣ ನುಡಿಸಾಣಿಕೆ, ಹಾಡು ಮೂರು ನಿಮಿಷದೊಳಗೆ ಮುಗಿಯುತ್ತದೆ.

ಎಲ್ಲ ಪದವೂ ಝಪತಾಳಕ್ಕೇ ಬರಬೇಕೆಂದಲ್ಲ. ಭಜನೆಯವರು ಎಂಟು ಮಾತ್ರೆಯ ಠೇಕಾದಲ್ಲಿ ಹಾಡುವುದನ್ನು ಹಾಗೆಯೇ ಇಟ್ಟುಕೊಳ್ಳಿ, ಅವರು ಎಲ್ಲಿ ಎಳೆಯುತ್ತಾರೆ ಎಂಬುದನ್ನು ಮಾತ್ರ ಗುರುತುಮಾಡಿ. ಮಗ್ಗದ ಲೆಕ್ಕವನ್ನೂ ಹೀಗೆಯೇ ತೆಗೆಯಬಹುದು. ಕೈಮಗ್ಗದಲ್ಲಿ ಲಾಳಿ ಹಾಯುವ ಸದ್ದಿಗೂ ಹಣಿಗೆ ಬಡಿಯುವ ಸದ್ದಿಗೂ ನಡುವಿನ ಅಂತರ ಸಮವಾಗಿರುವುದಿಲ್ಲ. ಆ ಅಸಮ ಅಂತರವನ್ನೇ ಉಳಿಸಿಕೊಂಡರೆ ಮಗ್ಗ ಕೇಳಿಸುತ್ತದೆ, ಗ್ರಿಡ್ಡಿಗೆ ಎಳೆದು ಕೂಡಿಸಿದರೆ ಯಾವುದೋ ಯಂತ್ರ ಕೇಳಿಸುತ್ತದೆ.

ಶ್ರುತಿಯ ಮಾತು. ಮಲ್ಲಿಕಾರ್ಜುನ ಮನ್ಸೂರ (1910–1992), ಗಂಗೂಬಾಯಿ ಹಾನಗಲ್ಲ (1913–2009) ಅವರನ್ನು ಕೇಳುತ್ತ ಬೆಳೆದ ಊರು ಇದು. ಇಲ್ಲಿ ಹಾಡುವವರ ಕಿವಿ ತಂಬೂರಿಯದು. ಶ್ರುತಿಯನ್ನು ಹಾರ್ಮೋನಿಯಂನ ಕಪ್ಪು ಮನೆಗಳ ಲೆಕ್ಕದಲ್ಲಿ ಕಾಳಿ ಒಂದು, ಕಾಳಿ ಎರಡು ಎಂದೇ ಮಾತಾಡುತ್ತಾರೆ. ಗಿಟಾರಿನವರು ಕಾಳಿ ಒಂದಕ್ಕೆ ಮೊದಲನೇ ಪಟ್ಟಿಯಲ್ಲಿ ಕೇಪೋ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್ಪು) ಹಾಕಿ ಸಿ ಕೈವಿನ್ಯಾಸ ಹಿಡಿಯಲಿ, ಕಾಳಿ ಎರಡಕ್ಕೆ ಮೂರನೇ ಪಟ್ಟಿಗೆ ಸರಿಸಲಿ. ತೊಂದರೆ ಬರುವುದು ಗಾಂಧಾರದಲ್ಲಿ, ಅಂದರೆ 'ಗ' ಸ್ವರದಲ್ಲಿ. ತಂಬೂರಿಗೆ ಹೊಂದುವ ಶುದ್ಧ ಗಾಂಧಾರ ಷಡ್ಜದಿಂದ (ಸಾ) 386 ಸೆಂಟ್ಸ್ ಮೇಲಿದೆ (ಕೀಬೋರ್ಡಿನ ಒಂದು ಮನೆಯಿಂದ ಪಕ್ಕದ ಮನೆಗೆ ನೂರು ಸೆಂಟ್ಸ್), ಕೀಬೋರ್ಡಿನದು 400. ಹಾಡುವವರು ಗಾಂಧಾರದ ಮೇಲೆ ನಿಂತಾಗ ಹಿಂದೆ ಕೀಬೋರ್ಡು ಮೇಜರ್ ಕಾರ್ಡ್ ಹಿಡಿದಿದ್ದರೆ ಆ 14 ಸೆಂಟ್ಸಿನ ತಿಕ್ಕಾಟ ಎಲ್ಲರಿಗೂ ಕೇಳುತ್ತದೆ, ತಪ್ಪು ಮಾತ್ರ ಹಾಡಿದವರ ತಲೆಗೆ ಬರುತ್ತದೆ. ಆಮೇಲೆ ಪಿಚ್ ಸರಿಮಾಡುವ ಪ್ಲಗಿನ್ ಹಾಕಿ ದನಿಯನ್ನೇ ಮೇಲಕ್ಕೆ ದೂಡುತ್ತಾರೆ. ಇದು ನಮಗೆ ಸಹಿಸಲಾಗದ ಕೆಲಸ. ಕೀಬೋರ್ಡಿನಿಂದ ಗಾಂಧಾರವನ್ನೇ ತೆಗೆದುಹಾಕಿ ಸಾ-ಪ ಮಾತ್ರ ಹಿಡಿಯಿರಿ. ಗಾಂಧಾರವನ್ನು ದನಿಗೇ ಬಿಟ್ಟುಕೊಡಿ. ಹಾರ್ಮೋನಿಯಂ ಬೇಕೇ ಬೇಕೆಂದರೆ ದನಿ ನಿಂತ ಕಡೆ ಅದು ಸುಮ್ಮನಿರಲಿ, ನಡುವಿನ ಜಾಗದಲ್ಲಿ ನುಡಿಯಲಿ.

ಇನ್ನು ಹಲಗಿ. ಮೊಬೈಲಿನಲ್ಲಿ ಹಿಡಿದ ಹಲಗಿ ಯಾಕೆ ಸತ್ತಂತೆ ಕೇಳುತ್ತದೆ? ಮೊಬೈಲು ತಾನಾಗಿಯೇ ಸದ್ದಿನ ಮಟ್ಟ ಏರಿಸಿ ಇಳಿಸುತ್ತದೆ. ಮೊದಲ ಪೆಟ್ಟಿಗೆ ಬೆಚ್ಚಿ ಮಟ್ಟ ಇಳಿಸಿದ್ದು ಪೆಟ್ಟಿನ ನಡುವೆ ಮತ್ತೆ ಏರುತ್ತದೆ, ಆದ್ದರಿಂದ ಪೆಟ್ಟು ಸಣ್ಣದಾಗಿ ಸುತ್ತಲಿನ ಗದ್ದಲ ದೊಡ್ಡದಾಗುತ್ತದೆ. ಟಿಪ್ಪಣಿಗೆ ಮೊಬೈಲು ಸಾಕು, ಹಾಡಿಗೆ ಸಾಲದು. ಕೈಯಲ್ಲಿ ಹಿಡಿಯುವ ಸಣ್ಣ ರೆಕಾರ್ಡರಿನಲ್ಲಿ ಆಟೋ ಲೆವೆಲ್ ಬಂದ್ ಮಾಡಿ, 48 ಕಿಲೋಹರ್ಟ್ಸ್, 24 ಬಿಟ್ ಇಡಿ. ಸ್ಟೀರಿಯೋದಲ್ಲಿ ನಿಮಿಷಕ್ಕೆ ಸುಮಾರು 17 ಎಂಬಿ, ತಾಸಿಗೆ ಒಂದು ಜಿಬಿ ಆಗುತ್ತದೆ. ಅತಿ ಜೋರಿನ ಪೆಟ್ಟು -12 ಡೆಸಿಬಲ್ ದಾಟದಂತೆ ಮಟ್ಟ ಇಡಿ (ಸೊನ್ನೆ ಮೀರಿದರೆ ಸದ್ದು ಒಡೆಯುತ್ತದೆ). ವಾದಕರು ಪರೀಕ್ಷೆಗೆಂದು ಬಾರಿಸುವುದು ಮೆಲ್ಲಗೆ, ಹಾಡು ಏರಿದಾಗ ಬಾರಿಸುವುದೇ ಬೇರೆ. -6ಕ್ಕೆ ಇಟ್ಟವರ ಕೆಲಸ ಮೂರನೇ ನುಡಿಗೆ ಒಡೆದಿರುತ್ತದೆ, ಒಡೆದದ್ದನ್ನು ಸರಿಮಾಡಲು ಬರುವುದಿಲ್ಲ.

ಕೋಣೆಯೊಳಗಾದರೆ ವೇದಿಕೆಯಲ್ಲಿ ಕೈಯಲ್ಲಿ ಹಿಡಿಯುವಂಥ ಡೈನಮಿಕ್ ಮೈಕು ಸಾಕು. ಚರ್ಮದಿಂದ ಎರಡು ಅಡಿ ದೂರ, ನಡುಮಧ್ಯಕ್ಕಲ್ಲ, ಅಂಚಿಗೂ ನಡುವಿಗೂ ಮಧ್ಯೆ, ಓರೆಯಾಗಿ. ತೀರ ಹತ್ತಿರ ಇಟ್ಟರೆ ತೆಳ್ಳನೆ ಕಡ್ಡಿಯ ಚಟಚಟವೇ ಬರುತ್ತದೆ, ಗಿಡ್ಡ ಕೋಲಿನ ಗುಂಯ್ ಬರುವುದಿಲ್ಲ. ನಾಲ್ಕು ಅಡಿ ಮೀರಿದರೆ ಹಲಗಿಗಿಂತ ಗೋಡೆಯೇ ಹೆಚ್ಚು ಕೇಳುತ್ತದೆ.

ಎಲ್ಲಕ್ಕಿಂತ ಮುಖ್ಯ ಚರ್ಮದ ಬಿಗಿ. ಮುಂಗಾರಿನಲ್ಲಿ ಧಾರವಾಡದ ಗಾಳಿಗೇ ಚರ್ಮ ಸಡಿಲಾಗುತ್ತದೆ. "ಯಜಮಾನ್ರ, ಮೊದಲ ಹಲಗಿ ಕಾಸೂಣ್ರಿ" ಎಂದು ಹಲಗಿ ವಾದಕರಿಗೆ ನೀವೇ ಹೇಳಿ. ನಿಮ್ಮ ಮನೆಯಲ್ಲಿ ಬೆಂಕಿ ಹಾಕಲು ಅವರು ಸಂಕೋಚಪಡುತ್ತಾರೆ. ಹಿತ್ತಲಲ್ಲಿ ಕಾಗದ, ಹುಲ್ಲು ಉರಿಸಿ ಕಾಸಿದ ಮೇಲೆ ನಮ್ಮ ಕೋಣೆಯಲ್ಲಿ ಆ ದನಿ ಹದಿನೈದು ಇಪ್ಪತ್ತು ನಿಮಿಷ ನಿಲ್ಲುತ್ತದೆ, ಮಳೆಗಾಲದಲ್ಲಿ ಇನ್ನೂ ಕಡಿಮೆ. ಆದ್ದರಿಂದ ಮೈಕು, ಮಟ್ಟ, ಹೆಡ್‌ಫೋನು ಎಲ್ಲ ಸಿದ್ಧವಾದ ಮೇಲೆಯೇ ಕಾಸಬೇಕು, ಕಾಸಿದ ಮೇಲೆ ಕೇಬಲ್ ಹುಡುಕಬಾರದು. ಪ್ರತಿ ಸಲ ಕಾಸಿದ ಮೇಲೆ ಹತ್ತು ಸೆಕೆಂಡು ಒಂಟಿ ಪೆಟ್ಟು ಹಿಡಿದಿಟ್ಟುಕೊಳ್ಳಿ. ಮೊದಲ ಟೇಕಿನ ಅರ್ಧ, ನಾಲ್ಕನೇ ಟೇಕಿನ ಅರ್ಧ ಜೋಡಿಸುವಾಗ ಯಾವುದು ಯಾವುದಕ್ಕೆ ಹೊಂದುತ್ತದೆ ಎಂದು ಹೇಳುವುದು ಈ ಹತ್ತು ಸೆಕೆಂಡೇ. ಫೈಬರ್ ಹೊದಿಕೆಯ ಹಲಗಿಗೆ ಈ ಗೋಜಿಲ್ಲ, ಆದರೆ ಅದರ ದನಿ ತೆಳು. ಚರ್ಮದ್ದನ್ನೇ ತರಲು ಮೊದಲೇ ಹೇಳಿಡಿ.

ಕೋಣೆಗೆ ದುಬಾರಿ ಫೋಮು ಬೇಡ. ಚಪ್ಪಾಳೆ ತಟ್ಟಿದಾಗ ಝಿಂ ಎಂದು ಬರುವುದು ಎದುರುಬದುರು ಬರಿಗೋಡೆಗಳ ನಡುವೆ ಸದ್ದು ಓಡಾಡುವುದರಿಂದ. ಎದುರುಬದುರಿನ ಒಂದೊಂದು ಜೋಡಿಯಲ್ಲಿ ಒಂದು ಗೋಡೆಗೆ ಹಗ್ಗ ಕಟ್ಟಿ, ಗೋಡೆಯಿಂದ ನಾಲ್ಕು ಇಂಚು ಬಿಟ್ಟು, ಕೌದಿಯನ್ನು ಎರಡು ಪದರವಾಗಿ ತೂಗುಹಾಕಿ. ಗೋಡೆಗೆ ಒತ್ತಿ ಹಚ್ಚಿದರೆ ಅರ್ಧ ಕೆಲಸವೂ ಆಗುವುದಿಲ್ಲ. ಅಜ್ಜಿ ಹೊಲಿದ ದಪ್ಪ ಕೌದಿಯಷ್ಟು ಚೆನ್ನಾಗಿ ಕೆಲಸ ಮಾಡುವ ವಸ್ತು ಆ ಬೆಲೆಗೆ ನಮಗೆ ಸಿಕ್ಕಿಲ್ಲ. ಹಾಗಂತ ನಾಲ್ಕೂ ಗೋಡೆ ಮುಚ್ಚಬೇಡಿ. ಕೌದಿ ಹೀರುವುದು ಮೇಲಿನ ಸದ್ದನ್ನು ಮಾತ್ರ, ಕೆಳಗಿನದು ಹಾಗೆಯೇ ಉಳಿದು ದನಿ ಮಂಕಾಗುತ್ತದೆ. ಹತ್ತು ಅಡಿಯ ಗೋಡೆಗಳ ನಡುವೆ 56 ಹರ್ಟ್ಸ್, ಹನ್ನೆರಡರ ನಡುವೆ 47 ಹರ್ಟ್ಸ್ ಆಸುಪಾಸು ಸದ್ದು ಉಬ್ಬುತ್ತದೆ. ಬಾಸ್ ಗಿಟಾರು ಒಂದು ಸ್ವರಕ್ಕೆ ಮಾತ್ರ ಗುಡುಗಿದರೆ ಕಾರಣ ಇದೇ. ಹತ್ತಿಯ ಹಳೆ ಗಾದಿಗಳನ್ನು ಸುರುಳಿ ಸುತ್ತಿ ಮೂಲೆಗಳಲ್ಲಿ ನಿಲ್ಲಿಸಿ, ಪೂರ್ತಿ ಹೋಗದಿದ್ದರೂ ತಗ್ಗುತ್ತದೆ.

ಫ್ಯಾನು, ಫ್ರಿಜ್ಜು, ಇನ್ವರ್ಟರು ಆರಿಸಿ. ಲ್ಯಾಪ್‌ಟಾಪ್ ಚಾರ್ಜರು ತೆಗೆದು ಬ್ಯಾಟರಿ ಮೇಲೆ ಓಡಿಸಿ. ಹಳೆ ಮನೆಗಳಲ್ಲಿ ಅರ್ಥಿಂಗ್ ಸರಿಯಿಲ್ಲದೆ ಬರುವ ಗುಂಯ್ ಸದ್ದು ಬಹಳ ಸಲ ಅಷ್ಟಕ್ಕೇ ನಿಲ್ಲುತ್ತದೆ.

ತುಂತುಣಿಗೆ ಹೆಚ್ಚು ಸೂಕ್ಷ್ಮವಾದ ಕಂಡೆನ್ಸರ್ ಮೈಕು, ಒಂದು ಗೇಣು ದೂರ, ತಂತಿ ಚರ್ಮಕ್ಕೆ ಕೂಡುವ ಕಡೆಗೆ. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಇಂಟರ್‌ಫೇಸಿನಲ್ಲಿ, ಆ ಮೈಕಿಗೆ ವಿದ್ಯುತ್ ಕೊಡುವ 48 ವೋಲ್ಟಿನ ಗುಂಡಿ ಒತ್ತಿರಬೇಕು. ತುಂತುಣಿಯ ಬಿರಡೆ ಜಾರುತ್ತದೆ, ಪ್ರತಿ ಟೇಕಿನ ಮೊದಲು ಷಡ್ಜಕ್ಕೆ ನೋಡಿಕೊಳ್ಳಿ.

ಮೇಳದವರಿಗೆ ಹೆಡ್‌ಫೋನಿನಲ್ಲಿ ಕ್ಲಿಕ್ ಕೇಳಿಸಿ ಬಾರಿಸಲು ಹೇಳುವುದು ನಮ್ಮ ಕಣ್ಣಲ್ಲಿ ದೊಡ್ಡ ತಪ್ಪು. ಗೀಗೀ ಪದ ಏರಬೇಕು. ನಿಮಿಷಕ್ಕೆ 100 ಮಾತ್ರೆಯಲ್ಲಿ ಹೊರಟದ್ದು ಕೊನೆಗೆ 112ಕ್ಕೆ ಮುಟ್ಟಿದರೆ ಅದು ಹಾಡಿನ ಆವೇಶ, ದೋಷವಲ್ಲ. ಹಾಡು, ತಾಳ, ಹಲಗಿ ಒಟ್ಟಿಗೆ ಒಂದೇ ಉಸಿರಿನಲ್ಲಿ ಹಿಡಿಯಿರಿ. ಆಮೇಲೆ ಕಂಪ್ಯೂಟರಿನಲ್ಲಿ ಪ್ರತಿ ಆವರ್ತನದ ಮೊದಲ ಪೆಟ್ಟಿಗೆ ಗುರುತು ಹಾಕಿ ಟೆಂಪೋ ನಕ್ಷೆ ಮಾಡಿ. ಕೀಬೋರ್ಡು, ಬಾಸು ಆ ನಕ್ಷೆಯ ಹಿಂದೆ ನಡೆಯಲಿ. ಮೂರು ನಿಮಿಷದ ಹಾಡಿಗೆ ಇದು ಎರಡು ತಾಸಿನ ಕೆಲಸ, ಬೇಸರದ ಕೆಲಸ, ಆದರೆ ಬೇರೆ ದಾರಿಯಿಲ್ಲ. ಮೇಲೆ ನೀವು ಸೇರಿಸುವ ವಾದ್ಯ ನುಡಿಸುವಾಗ ಬಫರ್ (ಕಂಪ್ಯೂಟರು ಒಮ್ಮೆಗೆ ತೆಗೆದುಕೊಳ್ಳುವ ಸದ್ದಿನ ತುಣುಕಿನ ಅಳತೆ) 128ಕ್ಕೆ ಇಡಿ. 1024 ಇದ್ದರೆ ಒಂದು ದಿಕ್ಕಿಗೇ 21 ಮಿಲಿಸೆಕೆಂಡು ತಡವಾಗಿ, ಹಲಗಿಯ ಹಿಂದೆ ಬಿದ್ದಂತೆ ನುಡಿಸುತ್ತೀರಿ.

ಮಿಕ್ಸಿಂಗಿನ ಬಗ್ಗೆ ಹೇಳುವುದು ಕಡಿಮೆ. ದನಿಯಲ್ಲಿ 80 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ, ಬಿ.ಆರ್.ಟಿ.ಎಸ್. ಬಸ್ಸುಗಳ ರಸ್ತೆಯ ಗುಡುಗು ಅರ್ಧ ಅಲ್ಲೇ ಹೋಗುತ್ತದೆ. ಕೊನೆಯ ಮಟ್ಟ -14 ಲಫ್ಸ್ (ಇಡೀ ಹಾಡಿನ ಸರಾಸರಿ ಜೋರಿನ ಅಳತೆ) ಸುತ್ತ, ಟ್ರೂ ಪೀಕ್, ಅಂದರೆ ಅತಿ ಎತ್ತರದ ತುದಿ, -1. ಇನ್ನೂ ಜೋರಾಗಲೆಂದು ಹಿಂಡಿದರೆ ಸ್ಪಾಟಿಫೈನಂಥ ಕಡೆ ಮತ್ತೆ ತಗ್ಗಿಸುತ್ತಾರೆ, ಉಳಿಯುವುದು ಚಪ್ಪಟೆಯಾದ ಹಲಗಿ.

ಹಕ್ಕಿನ ವಿಷಯ ಮೊದಲೇ ನೋಡಿಕೊಳ್ಳಿ. ಸರ್ವಜ್ಞನ ವಚನಕ್ಕೆ, ಶಿಶುನಾಳ ಶರೀಫರ (1819–1889) ಪದಕ್ಕೆ ಯಾರ ಅನುಮತಿಯೂ ಬೇಡ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ. ಅವರು ಇದ್ದಾಗಲೇ ಪ್ರಕಟವಾದ ಕವಿತೆಗಳ ಹಕ್ಕು 2041ರ ಕೊನೆಯವರೆಗೆ ಇರುತ್ತದೆ, ಕೇಳದೆ ಹಾಡಿ ಬಿಡುಗಡೆ ಮಾಡಬಾರದು. ಶರೀಫರ ಪದ ಮುಕ್ತವೆಂದು ಕ್ಯಾಸೆಟ್ಟಿನಲ್ಲಿ ಕೇಳಿದ ಧಾಟಿಯನ್ನೇ ಎತ್ತಿಕೊಂಡರೆ ಅದೂ ತೊಡಕು. ಪದ ಹಳೆಯದಾದರೂ ಧಾಟಿ ಹಾಕಿದವರ ಹಕ್ಕು ಬೇರೆ. ಧಾಟಿ ನಿಮ್ಮದೇ ಇರಲಿ, ಇಲ್ಲವೇ ಮೇಳದ ಹಿರಿಯರ ಬಾಯಿಂದ ಬಂದದ್ದಿರಲಿ, ಬಂದದ್ದಾದರೆ ಅವರ ಹೆಸರು, ಊರು ಹಾಕಿ.

ಮೇಳದವರಿಗೆ ಒಂದು ರಾತ್ರಿಯ ಹಾಡಿಕೆಗೆ ಅವರು ಪಡೆಯುವಷ್ಟು ಹಣ, ಬಸ್ ಖರ್ಚು, ಊಟ. ಹಣ ರೆಕಾರ್ಡಿಂಗಿನ ಮೊದಲೇ ಕೈಸೇರಬೇಕು. ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆಯಿರಿ: ಯಾವ ಹಾಡು, ಎಷ್ಟು ಹಣ, ಮುಂದೆ ಆದಾಯ ಬಂದರೆ ಯಾರಿಗೆ ಎಷ್ಟು ಪಾಲು, ಹೆಸರು ಹೇಗೆ ಹಾಕಬೇಕು. ಜೋರಾಗಿ ಓದಿ ಹೇಳಿದ ಮೇಲೆ ಸಹಿ ಅಥವಾ ಹೆಬ್ಬೆಟ್ಟು, ಪ್ರತಿ ಅವರ ಬಳಿಯೂ ಒಂದು. 'ಜಾನಪದ ಕಲಾವಿದರು' ಎಂದು ಒಟ್ಟಾರೆ ಹಾಕುವುದು ಹೆಸರು ಹಾಕಿದಂತೆ ಆಗುವುದಿಲ್ಲ.

ಬಿಡುಗಡೆಗೆ ಮೂರು ನಾಲ್ಕು ವಾರ ಮೊದಲೇ, ಹಾಡನ್ನು ಸ್ಪಾಟಿಫೈನಂಥ ಕಡೆ ಮುಟ್ಟಿಸುವ ವಿತರಕರಿಗೆ ಕಳಿಸಿ, ಚಿತ್ರ 3000ಕ್ಕೆ 3000 ಪಿಕ್ಸೆಲ್, ಭಾಷೆಯ ಕಡೆ ಕನ್ನಡ ಎಂದೇ ಆರಿಸಿ. ಮೇಳದವರಿಗೆ ಹಾಡು ಮುಟ್ಟಿಸುವುದು ಮಾತ್ರ ಬೇರೆ ರೀತಿ. ಪೆನ್‌ಡ್ರೈವಿನಲ್ಲಿ 320 ಕೆಬಿಪಿಎಸ್ ಎಂಪಿ3 ಮಾಡಿ ಕೊಡಿ, ಫೋಲ್ಡರಿನೊಳಗೆ ಫೋಲ್ಡರು ಮಾಡದೆ ನೇರ ಹಾಕಿ, ಫೈಲಿನ ಹೆಸರು ಇಂಗ್ಲಿಷ್ ಅಕ್ಷರದಲ್ಲಿರಲಿ. ಟ್ರ್ಯಾಕ್ಟರಿನ ಪ್ಲೇಯರು ಕನ್ನಡ ಅಕ್ಷರದ ಹೆಸರನ್ನು ಬಹಳ ಸಲ ಓದುವುದಿಲ್ಲ, ಮತ್ತು ಆ ಹಾಡನ್ನು ಅವರ ಊರು ಮೊದಲು ಕೇಳುವುದು ಟ್ರ್ಯಾಕ್ಟರಿನಲ್ಲೇ.