11.3 ಮೈಕ್ರಾನ್ ಉಬ್ಬು ಎಲ್ಲಿಂದ ಬರುತ್ತೆ? ನಾನೇ ಲೆಕ್ಕ ಹಾಕಿ ನೋಡಿದೆ

ಜೇಮ್ಸ್ ವೆಬ್ ದೂರದರ್ಶಕ ಓರಿಯನ್ ಬಾರ್‌ನಿಂದ (ಓರಿಯನ್ ನೀಹಾರಿಕೆಯ ಅನಿಲ-ಧೂಳಿನ ಒಂದು ಪಟ್ಟಿ) ಹಿಡಿದ ಇನ್‌ಫ್ರಾರೆಡ್ ಸ್ಪೆಕ್ಟ್ರಮ್, ಅಂದರೆ ಯಾವ ತರಂಗಾಂತರದಲ್ಲಿ ಎಷ್ಟು ಬೆಳಕು ಅನ್ನುವ ನಕ್ಷೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ತೆರೆದು ನೋಡಿದರೆ 3.3, 6.2, 7.7, 8.6, 11.3 ಮೈಕ್ರಾನ್‌ಗಳಲ್ಲಿ ದೊಡ್ಡ ದೊಡ್ಡ ಉಬ್ಬುಗಳು. ಇವು ಪಿಎಎಚ್‌ಗಳದ್ದು (ಪಾಲಿಸೈಕ್ಲಿಕ್ ಆರೊಮ್ಯಾಟಿಕ್ ಹೈಡ್ರೋಕಾರ್ಬನ್) ಅಂತ ಓದಿದ್ದೆ. ಬೆಂಜೀನ್ ಉಂಗುರಗಳು ಜೇನುಗೂಡಿನ ತುಂಡಿನ ಹಾಗೆ ಕೂಡಿಕೊಂಡು, ಅಂಚಿನಲ್ಲಿ ಹೈಡ್ರೋಜನ್ ಇಟ್ಟುಕೊಂಡಿರುವ ಅಣುಗಳು ಇವು. ಆದರೆ ಓದಿದ್ದು ಸಾಲಲಿಲ್ಲ, ನಾನೇ ಲೆಕ್ಕ ಹಾಕಿ ನೋಡಬೇಕು ಅನಿಸಿತು.

ಅಣುವಿನ ಎಲೆಕ್ಟ್ರಾನ್‌ಗಳನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಡಿಎಫ್‌ಟಿ ವಿಧಾನಕ್ಕೆ ಬಿ3ಎಲ್‌ವೈಪಿ ಅನ್ನುವ ಸೂತ್ರ, 4-31ಜಿ ಅನ್ನುವ ಬೇಸಿಸ್ ಸೆಟ್ (ಎಲೆಕ್ಟ್ರಾನ್‌ಗಳನ್ನು ಬಣ್ಣಿಸುವ ಗಣಿತದ ಫಲನಗಳ ಗುಂಪು) ಸಾಕು. ಈ ಲೆಕ್ಕದಲ್ಲಿ ಕಂಪನಗಳ ಆವೃತ್ತಿ ಸ್ವಲ್ಪ ಹೆಚ್ಚಾಗಿ ಬರುತ್ತೆ, ಅದಕ್ಕೆ 0.958ರಿಂದ ಗುಣಿಸಬೇಕು. ಮೊದಲು ಕೊರೊನೀನ್ ಅನ್ನುವ ಪಿಎಎಚ್ ತೆಗೆದುಕೊಂಡೆ: 24 ಕಾರ್ಬನ್, 12 ಹೈಡ್ರೋಜನ್. ಹೈಡ್ರೋಜನ್‌ಗಳು ಅಣುವಿನ ಚಪ್ಪಟೆ ಹಾಳೆಯಿಂದ ಮೇಲಕ್ಕೂ ಕೆಳಕ್ಕೂ ಅಲ್ಲಾಡುವ ಕಂಪನ 11.6ರ ಹತ್ತಿರ ಬಂತು. 11.3 ಅಲ್ಲ. ಯಾಕೆ ಗೊತ್ತಾ? ಕೊರೊನೀನ್‌ನ ಪ್ರತಿ ಅಂಚಿನ ಉಂಗುರದಲ್ಲೂ ಹೈಡ್ರೋಜನ್ ಜೋಡಿಯಾಗಿ ಕೂತಿರುತ್ತೆ, ಒಂಟಿಯಾಗಿ ಒಂದೂ ಇಲ್ಲ. ಸುತ್ತ ಇನ್ನೊಂದು ಸಾಲು ಉಂಗುರ ಸೇರಿಸಿದರೆ ಸರ್ಕಮ್‌ಕೊರೊನೀನ್ ಆಗುತ್ತೆ, 54 ಕಾರ್ಬನ್, 18 ಹೈಡ್ರೋಜನ್. ಅದರಲ್ಲಿ 6 ಒಂಟಿ ಹೈಡ್ರೋಜನ್‌ಗಳಿವೆ. ಈ ಲೆಕ್ಕಕ್ಕೆ ಲ್ಯಾಪ್‌ಟಾಪ್ ಜಾಸ್ತಿ ಹೊತ್ತು ಓಡಬೇಕು, ಓಡಲಿ. ಒಂಟಿಗಳ ಕಂಪನ 11 ಮೈಕ್ರಾನ್ ಚೂರು ದಾಟಿ ಬಂತು. ನಾವು ಹಾಕುವ ಲೆಕ್ಕ ತಣ್ಣಗಿರುವ ಅಣುವಿನದು. ಆದರೆ ಓರಿಯನ್ ಬಾರ್‌ನಲ್ಲಿ ಒಂದೇ ಅಲ್ಟ್ರಾವಯೊಲೆಟ್ ಫೋಟಾನ್ ನುಂಗಿದ ಅಣು ಸಾವಿರ ಕೆಲ್ವಿನ್ ಆಸುಪಾಸಿಗೆ ಬಿಸಿಯಾಗಿ, ಆ ಬಿಸಿಯನ್ನು ಇನ್‌ಫ್ರಾರೆಡ್ ಬೆಳಕಾಗಿ ಬಿಡುತ್ತಿರುತ್ತೆ, ಹಾಗಾಗಿ ಗೆರೆ ಸ್ವಲ್ಪ ಕೆಂಪಿನ ಕಡೆ, ಅಂದರೆ ಉದ್ದ ತರಂಗಾಂತರದ ಕಡೆ, ಜರುಗುತ್ತೆ. ಅದಕ್ಕೆ ಲೆಕ್ಕದ ಆವೃತ್ತಿಯಿಂದ ಸೆಂಟಿಮೀಟರಿಗೆ 15 ಅಲೆಯಷ್ಟು ಕಳೆಯುವುದು ವಾಡಿಕೆ. ಕಳೆದೆ. ಓರಿಯನ್ನಿನ ಉಬ್ಬಿನ ಪಕ್ಕದಲ್ಲೇ ಬಂದು ಕೂತಿತು! ಅಷ್ಟು ದೂರದ ಅಣುವಿನ ಅಂಚು ಹೇಗಿದೆ ಅಂತ ಒಂದು ಉಬ್ಬು ಹೇಳುತ್ತಲ್ಲ, ನನಗಂತೂ ರೋಮಾಂಚನವಾಯಿತು.

ಆಮೇಲೆ ಒಂದು ಎಲೆಕ್ಟ್ರಾನ್ ತೆಗೆದು ಮತ್ತೆ ಓಡಿಸಿದೆ. 6.2, 7.7ರ ಭಾಗ ಎದ್ದು ನಿಂತಿತು, 3.3 ಕುಗ್ಗಿತು. 6.2 ಮತ್ತು 11.3ರ ಅನುಪಾತ ನೋಡಿ ಪಿಎಎಚ್‌ಗಳ ವಿದ್ಯುದಾವೇಶ ಅಳೆಯುವುದು ಇದೇ ಕಾರಣಕ್ಕೆ.

ಆದರೆ ಇಂಥದ್ದೇ ಅಣು ಅಂತ ಈ ಉಬ್ಬುಗಳಿಂದ ಹೇಳಲಾಗದು, ಎಷ್ಟೋ ಪಿಎಎಚ್‌ಗಳು ಅಲ್ಲೇ ಬೆಳಗುತ್ತವೆ. ರೇಡಿಯೊದಲ್ಲಿ ಹುಡುಕೋಣ ಅಂದರೆ ಕೊರೊನೀನ್ ಥರದ ಸಮಮಿತ ಅಣುವಿಗೆ ದ್ವಿಧ್ರುವವೇ (ಒಂದು ಕಡೆ ಧನ, ಇನ್ನೊಂದು ಕಡೆ ಋಣ ಆವೇಶ) ಇಲ್ಲ, ತಿರುಗಿದರೂ ರೇಡಿಯೊ ಸದ್ದಿಲ್ಲ. ಸಯನೋ ಗುಂಪು (ಒಂದು ಕಾರ್ಬನ್, ಒಂದು ನೈಟ್ರೋಜನ್) ಅಂಟಿದರೆ ಸಿಕ್ಕಿಬೀಳುತ್ತೆ: ವೃಷಭ ರಾಶಿಯ ಟಿಎಂಸಿ-1 ಅನ್ನುವ ಅನಿಲ ಮೋಡದಲ್ಲಿ 2018ರಲ್ಲಿ ಬೆಂಜೋನೈಟ್ರೈಲ್, 2024ರಲ್ಲಿ ಸಯನೋಪೈರೀನ್ ಸಿಕ್ಕಿದ್ದು ಹೀಗೆ. ಈಗ ಸಯನೋಪೈರೀನ್‌ನ ಲೆಕ್ಕ ಓಡಿಸಿದ್ದೇನೆ. ಕಾರ್ಬನ್-ನೈಟ್ರೋಜನ್ ಕಂಪನ 4.5 ಮೈಕ್ರಾನ್ ಹತ್ತಿರ ಬರಬೇಕು, ಬಂದಮೇಲೆ ಓರಿಯನ್ ಬಾರ್‌ನ ಸ್ಪೆಕ್ಟ್ರಮ್‌ನಲ್ಲಿ ಆ ಜಾಗವನ್ನು ನಿಧಾನವಾಗಿ ನೋಡಬೇಕು.