ರಿಯಾದಿನಲ್ಲಿ ಅಮ್ಮಂದಿರ ಕೈಗೆ ಬ್ಯಾಟ್ ಕೊಟ್ಟಿದ್ದು

ಮೊನ್ನೆ ನಮ್ಮ ಹಳೆಯ ಕೋಚ್ ಒಬ್ಬರು ಫೋನ್ ಮಾಡಿ, "ನಿಮ್ಮ ಆ ರಿಯಾದ್ ಬ್ಯಾಡ್ಮಿಂಟನ್ ಬ್ಯಾಚ್ ಹೇಗೆ ನಿಂತಿತು, ಸ್ವಲ್ಪ ಬರೆದು ಕಳಿಸಿ" ಅಂದರು. ಇದೇ ಪುಣ್ಯಾತ್ಮರು 2015ರಲ್ಲಿ "ಸೌದಿ ಹೆಣ್ಮಕ್ಕಳು ಬೆವರೋಕೆಲ್ಲ ಬರಲ್ಲಮ್ಮಾ, ಸುಮ್ನೆ ದುಡ್ಡು ಹಾಳು" ಅಂತ ನಕ್ಕಿದ್ದರು. ದುಡ್ಡು ಹಾಳಾಗಿದ್ದು ನಿಜ. ಹೆಣ್ಮಕ್ಕಳು ಬಂದಿದ್ದೂ ನಿಜ.

ನಾನು ಮಂಗಳೂರಿನ ಬ್ಯಾರಿ ಮನೆಯವಳು. ಕಾಲೇಜಿನಲ್ಲಿ ಶಟಲ್ ಆಡಿ, ಮದುವೆಯಾಗಿ ರಿಯಾದಿಗೆ ಹೋದವಳು. ಹಗಲು ಒಂದು ಶಾಲೆಯಲ್ಲಿ ಪಿಟಿ ಟೀಚರ್. ಕುರಾನ್ ಓದುವ ಅರಬಿ ಬರುತ್ತಿತ್ತು, ಜಗಳ ಆಡುವ ಅರಬಿ ಬರುತ್ತಿರಲಿಲ್ಲ. ಎರಡನೆಯದೇ ಜಾಸ್ತಿ ಬೇಕಾಯಿತು.

ಆಗ ಸರ್ಕಾರಿ ಹೆಣ್ಮಕ್ಕಳ ಶಾಲೆಗಳಲ್ಲಿ ಪಿಟಿಯೇ ಇರಲಿಲ್ಲ. ಖಾಸಗಿ ಶಾಲೆಗಳಿಗೆ 2013ರಲ್ಲಿ ಅನುಮತಿ ಸಿಕ್ಕಿತ್ತು, ಅಷ್ಟೇ. ಹಾಗಾಗಿ ನಾನು ಹಿಡಿದದ್ದು ಇಸ್ತಿರಾಹ. ಊರ ಅಂಚಿನಲ್ಲಿ ಎತ್ತರದ ಕಾಂಪೌಂಡ್ ಇರುವ, ರಜೆಯ ದಿನ ಕುಟುಂಬಗಳು ಬಾಡಿಗೆಗೆ ಹಿಡಿಯುವ ಜಾಗ. ವಾರದ ಮಧ್ಯೆ ಖಾಲಿ ಬಿದ್ದಿರುತ್ತದೆ. ಒಳಗಿನ ಹಾಲ್‌ನ ಸೂರು ತಗ್ಗು, ಎತ್ತರಕ್ಕೆ ಟಾಸ್ ಹೊಡೆದರೆ ಶಟಲ್ ಕಾಕ್ ಲೈಟಿಗೆ ಬಡಿಯುತ್ತಿತ್ತು. ಹೊರಗೆ ಅಂಗಳದಲ್ಲಿ ಆಡಿದರೆ ಪಕ್ಕದ ಮನೆಯ ಟೆರೇಸಿಂದ ಕಾಣುತ್ತದೆ. ಮೇಲೆ ಹಸಿರು ನೆಟ್ ಕಟ್ಟಿಸಿದೆ. ಮೊದಲ ಮರಳು ಗಾಳಿಗೇ ಅದು ಹಾರಿಹೋಯಿತು. ಎಲ್ಲಿಗೆ ಹೋಯಿತೋ, ಇವತ್ತಿಗೂ ಗೊತ್ತಿಲ್ಲ.

ಲೆಕ್ಕ ನೆನಪಿದ್ದಷ್ಟು ಹೇಳುತ್ತೇನೆ. ಹನ್ನೊಂದು ಹುಡುಗಿಯರು, ತಿಂಗಳಿಗೆ ತಲಾ 250 ರಿಯಾಲ್. ಇಸ್ತಿರಾಹಕ್ಕೆ ಒಂದು ಸಂಜೆಗೆ 300, ವಾರಕ್ಕೆ ಮೂರು ಸಂಜೆ. ವ್ಯಾನಿಗೆ ತಿಂಗಳಿಗೆ 1,800 ಚಿಲ್ಲರೆ. ಕಾಕ್ ಖರ್ಚು ಬೇರೆ. ಐದು ತಿಂಗಳಲ್ಲಿ ಹದಿನಾಲ್ಕು ಸಾವಿರದ ಹತ್ತಿರ ಕೈ ಬಿಟ್ಟಿತು. ಆಗ ರಿಯಾಲಿಗೆ ಹದಿನೇಳು ರೂಪಾಯಿ ಚಿಲ್ಲರೆ, ಗುಣಿಸಿ ನೋಡಿ. ಊರಿಗೆ ಬಂದಾಗ ಎರಡು ಬಳೆ ಅಡ ಇಟ್ಟೆ. ಉಮ್ಮನಿಗೆ ಹೇಳಿರಲಿಲ್ಲ, ಅವರಾಗಿ ನನ್ನ ಕೈ ನೋಡಿ ಕಂಡುಹಿಡಿದರು.

ದುಡ್ಡಿಗಿಂತ ಮೊದಲು ಬ್ಯಾಚ್ ಮುಳುಗಿದ್ದು ಒಂದು ಫೋಟೋದಿಂದ. ಯಾರೋ ಒಬ್ಬಳು ಸ್ನಾಪ್‌ಚಾಟಿಗೆ ತನ್ನ ಬ್ಯಾಟ್ ಚಿತ್ರ ಹಾಕಿದಳು. ಹಿಂದೆ ಇನ್ನೊಬ್ಬಳ ಜಡೆ ಕಾಣುತ್ತಿತ್ತು. ಜಡೆ ಮಾತ್ರ, ಮಾರಾಯ್ರೇ! ವಾರದೊಳಗೆ ಉಳಿದವರು ನಾಲ್ಕೇ ಜನ, ಅದರಲ್ಲಿ ಮೂವರು ಕೇರಳದವರು. ಆಮೇಲೆ ಬಾಗಿಲಲ್ಲೇ ಬಿಸ್ಕೆಟ್ ಡಬ್ಬ ಇಟ್ಟೆ. ಫೋನ್ ಅದರೊಳಗೆ. ನನ್ನದೂ.

ಎರಡನೇ ಪೆಟ್ಟು ಗಡಿಯಾರದ್ದು. ನಾನು "ಸಂಜೆ 5" ಅಂತ ಬರೆದಿದ್ದೆ. ಅಲ್ಲಿ ಮಗ್ರಿಬ್, ಅಂದರೆ ಸೂರ್ಯ ಮುಳುಗಿದಾಗಿನ ನಮಾಜ್, ಡಿಸೆಂಬರಿನಲ್ಲಿ 5ರ ಆಸುಪಾಸು, ಜೂನಿನಲ್ಲಿ 6:45ರ ಹತ್ತಿರ. ಚಳಿಗಾಲದಲ್ಲಿ ವಾರ್ಮ್‌ಅಪ್ ಮುಗಿಯುವಾಗಲೇ ನಮಾಜ್. ಅಲ್ಲಿನವರು ಗಂಟೆ ಹೇಳುವುದೇ ಇಲ್ಲ, "ಬಅದ್ ಇಶಾ" ಅನ್ನುತ್ತಾರೆ. ಇಶಾ, ಅಂದರೆ ರಾತ್ರಿಯ ನಮಾಜ್, ಆದ ಮೇಲೆ ಬರ್ತೀವಿ ಅಂತ. ನಾನೂ ಹಾಗೇ ಮಾಡಿದೆ. ಅರ್ಧ ಗೈರುಹಾಜರಿ ಅಲ್ಲೇ ನಿಂತಿತು. ರಂಜಾನಿನಲ್ಲಿ ತರಾವೀಹ್, ಅಂದರೆ ಆ ತಿಂಗಳ ರಾತ್ರಿಯ ವಿಶೇಷ ನಮಾಜ್, ಮುಗಿದ ಮೇಲೆ ರಾತ್ರಿ ಒಂದರವರೆಗೆ ಆಡಿಸಿದೆ. ನನ್ನ ಗಂಡ ಗೇಟಿನ ಹೊರಗೆ ಕಾರಿನಲ್ಲೇ ನಿದ್ದೆ ಮಾಡಿದರು.

ಇನ್ನು ಕೆಲಸ ಮಾಡಿದ ಉಪಾಯ. ಅದು ತಲೆ ಓಡಿಸಿ ಮಾಡಿದ್ದಲ್ಲ, ಬೇಸರಕ್ಕೆ ಮಾಡಿದ್ದು. ಮಗಳನ್ನು ಬಿಡಲು ಬಂದ ತಾಯಂದಿರು ಗೋಡೆ ಪಕ್ಕ ಚಾಪೆ ಹಾಸಿ, ಗಹ್ವಾ (ಅರಬಿ ಕಾಫಿ) ಕುಡಿಯುತ್ತಾ, ನನ್ನನ್ನೇ ನೋಡುತ್ತಾ ಕೂರುತ್ತಿದ್ದರು. ಪೊಲೀಸರ ಮುಂದೆ ಕೋಚಿಂಗ್ ಮಾಡಿದ ಹಾಗೆ. ಒಂದು ದಿನ ತಡೆಯಲಾರದೆ ಒಬ್ಬರ ಕೈಗೆ ಬ್ಯಾಟ್ ಕೊಟ್ಟು, "ಯಲ್ಲಾ ಉಮ್ಮೀ, ನೀವೇ ಹೊಡೀರಿ" ಅಂದೆ. ಮೊಣಕಾಲು ನೋವಿನ ಹೆಂಗಸು. ಹತ್ತು ಸಲ ಗಾಳಿಗೆ ಬೀಸಿದರು, ಹನ್ನೊಂದನೆಯದು ತಗುಲಿತು. ಮುಂದಿನ ವಾರ ಇಬ್ಬರು ತಂಗಿಯರನ್ನೂ ಕರೆದುಕೊಂಡು ಬಂದರು.

ಅಲ್ಲಿಂದ ಹುಡುಗಿಯರ ಬ್ಯಾಚ್ ನಿಲ್ಲಿಸಿಯೇಬಿಟ್ಟೆ. ಮೂರು ತಿಂಗಳು ಅಮ್ಮಂದಿರಿಗೆ ಮಾತ್ರ. ಗ್ರಿಪ್ ತಪ್ಪಿದ್ದರೆ ತಪ್ಪಿರಲಿ, ಫುಟ್‌ವರ್ಕ್ ಮಾತೇ ಎತ್ತಲಿಲ್ಲ. ನಮ್ಮವರು ಇದಕ್ಕೂ ನಕ್ಕರು, "ಅಜ್ಜಿಯರ ಅಕಾಡೆಮಿ" ಅಂದರು. ಆದರೆ ತಾನೇ ಆಡುವ ತಾಯಿ ಮಗಳನ್ನು ಮನೆಯಲ್ಲಿ ಬಿಟ್ಟು ಬರುವುದಿಲ್ಲ. ಅಪ್ಪನಿಗೆ ಏನು ಹೇಳಬೇಕೋ ಅದನ್ನೂ ಅವಳೇ ಹೇಳುತ್ತಾಳೆ. ಬರಲೊಪ್ಪದ ಇಬ್ಬರು ಅತ್ತೆಯಂದಿರನ್ನು ನಾನು ಹೇಗೆ ಒಲಿಸಿದೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ನನ್ನ ಹೊಟ್ಟೆಪಾಡು.

ಮಧ್ಯೆ ಒಂದು ಹುಚ್ಚು ಪ್ರಯೋಗ. ರಿಯಾದಿನ ಒಣ ಹವೆಗೆ ಗರಿಯ ಕಾಕ್ ಕಡ್ಡಿಯ ಹಾಗೆ ಮುರಿಯುತ್ತದೆ. ಒಂದು ಡಬ್ಬ ಎರಡು ಸಂಜೆಗೆ ಖಾಲಿ. ಪುಟ್ಟು ಬೇಯಿಸುವ ಪಾತ್ರೆಯ ಹಬೆಗೆ ಹಿಡಿದು, ರಾತ್ರಿಯಿಡೀ ಮುಚ್ಚಿಟ್ಟು ನೋಡಿದೆ. ಬಾಳಿಕೆ ಹೆಚ್ಚುಕಡಿಮೆ ದುಪ್ಪಟ್ಟಾಯಿತು. ಹಬೆ ಜಾಸ್ತಿಯಾದರೆ ಕಾಕ್ ಭಾರವಾಗಿ ಕಲ್ಲಿನಂತೆ ಬೀಳುತ್ತದೆ, ಎಷ್ಟು ಹೊತ್ತು ಅಂತ ನೀವೇ ಹಾಳುಮಾಡಿ ಕಲಿಯಿರಿ. ರಿಯಾದ್ ಸಮುದ್ರಮಟ್ಟದಿಂದ 600 ಮೀಟರ್ ಮೇಲಿದೆ, ಸೆಕೆಯೂ ಇದೆ. ಕಾಕ್ ಡಬ್ಬದ ಮೇಲೆ ವೇಗದ ನಂಬರ್ ಇರುತ್ತದೆ; 77ರದ್ದು ಗೆರೆ ದಾಟಿ ಹೋಗುತ್ತಿತ್ತು, ಅದಕ್ಕಿಂತ ನಿಧಾನದ 76 ಸರಿಯಾಯಿತು. ಮಮ್ಶಾದಲ್ಲಿ, ಅಂದರೆ ನಡೆಯುವ ಹಾದಿಯಲ್ಲಿ, ಅಬಾಯ (ಮೈಮುಚ್ಚುವ ಉದ್ದ ನಿಲುವಂಗಿ) ಹಾಕಿಯೇ ಓಡುವ ಗುಂಪು ಮಾಡಲೂ ನೋಡಿದೆ. ಎರಡು ವಾರಕ್ಕೆ ಅದು ಓಡುವುದು ಬಿಟ್ಟು ಹರಟುವ ಗುಂಪಾಯಿತು.

ಆಮೇಲೆ ದೇಶವೇ ಓಡತೊಡಗಿತು. 2017ರ ಫೆಬ್ರವರಿಯಲ್ಲಿ ಹೆಂಗಸರ ಜಿಮ್‌ಗೆ ಲೈಸೆನ್ಸ್ ಕೊಡುತ್ತೇವೆ ಅಂದರು. ಜುಲೈಯಲ್ಲಿ ಸರ್ಕಾರಿ ಹೆಣ್ಮಕ್ಕಳ ಶಾಲೆಗೂ ಪಿಟಿ ಬಂತು. 2018ರ ಜನವರಿ 12ಕ್ಕೆ ಜಿದ್ದಾದಲ್ಲಿ ಹೆಂಗಸರು ಸ್ಟೇಡಿಯಮ್ಮಿನಲ್ಲಿ ಕೂತು ಫುಟ್‌ಬಾಲ್ ನೋಡಿದರು. ನನ್ನ ವ್ಯಾನ್ ಖರ್ಚು ಉಳಿಸಿದ್ದು ಜೂನ್ 24, ಹೆಂಗಸರ ಕೈಗೆ ಸ್ಟೀರಿಂಗ್ ಬಂದ ದಿನ. ಸ್ವಲ್ಪ ದಿನದಲ್ಲೇ ಒಬ್ಬರು ತಾವೇ ಕಾರು ಓಡಿಸಿಕೊಂಡು ಬಂದರು. ಎರಡು ಕಾರಿನ ಜಾಗದಲ್ಲಿ ಅಡ್ಡ ನಿಲ್ಲಿಸಿ, ಬ್ಯಾಟ್ ಎತ್ತಿ ಕೂಗಿದರು.

ಎಲ್ಲ ಸಿಹಿಯೇ ಅಂದುಕೊಳ್ಳಬೇಡಿ. ಅದೇ 2017ರ ಜುಲೈಯಿಂದ ನಮ್ಮಂಥವರಿಗೆ ಮನೆಮಂದಿಯ ತಲೆಗೆ ತಿಂಗಳಿಗೆ 100 ರಿಯಾಲ್ ಶುಲ್ಕ, 2020ಕ್ಕೆ ಅದು 400. ನಮ್ಮವರ ಸಂಸಾರಗಳು ಒಂದೊಂದಾಗಿ ಊರಿಗೆ ಹೊರಟವು. ನನ್ನ ಚೆಂದದ ಡಬಲ್ಸ್ ಜೋಡಿ ಒಡೆದದ್ದು ಹಾಗೆ. ಒಬ್ಬಳು ಭಟ್ಕಳಕ್ಕೆ ಹೋದಳು, ಇನ್ನೊಬ್ಬಳು ಅಲ್ಲೇ ಉಳಿದಳು.

ಆ ಉಳಿದವಳು ಒಮ್ಮೆ ಲಂಡನ್ ಒಲಿಂಪಿಕ್ಸ್ ಸುದ್ದಿ ತೆಗೆದಳು. 2012ರವರೆಗೆ ಸೌದಿ ಒಬ್ಬ ಹೆಣ್ಣನ್ನೂ ಒಲಿಂಪಿಕ್ಸಿಗೆ ಕಳಿಸಿರಲಿಲ್ಲ. ಆ ವರ್ಷ ಹೋದ ಇಬ್ಬರಲ್ಲಿ ವುಜ್ದಾನ್ ಶಹರ್‌ಖಾನಿ ಜುಡೋದಲ್ಲಿ 82 ಸೆಕೆಂಡಿಗೆ ಸೋತಿದ್ದರು. "ನಮ್ಮ ಮನೆಯಲ್ಲಿ ಆವತ್ತು ಬೈದರು ಟೀಚರ್" ಅಂದಳು. "ಯಾರು?" ಅಂದೆ. ಮೂಲೆಯಲ್ಲಿ ಸರ್ವಿಸ್ ಅಭ್ಯಾಸ ಮಾಡುತ್ತಿದ್ದ ತಾಯಿಯ ಕಡೆ ಗಲ್ಲ ತೋರಿಸಿದಳು.

2022ರ ಸೌದಿ ಗೇಮ್ಸ್‌ನಲ್ಲಿ, ಅಂದರೆ ಆ ದೇಶದ ರಾಷ್ಟ್ರೀಯ ಕ್ರೀಡಾಕೂಟದಲ್ಲಿ, ಹೆಂಗಸರ ಬ್ಯಾಡ್ಮಿಂಟನ್ ಚಿನ್ನ ಕೇರಳ ಮೂಲದ ಹುಡುಗಿಗೆ ಬಂತು, ಜೊತೆಗೆ ಹತ್ತು ಲಕ್ಷ ರಿಯಾಲ್. ಅವಳು ನನ್ನ ಶಿಷ್ಯೆಯಲ್ಲ, ಸುಳ್ಳು ಹೇಳಲಾರೆ. ಆದರೆ ಆ ವಾರ ಮಗಳನ್ನು ನನ್ನ ಬ್ಯಾಚಿಗೆ ಸೇರಿಸಲು ಬಂದ ಅಪ್ಪಂದಿರ ಫೋನ್ ಎಣಿಸಲಾಗಲಿಲ್ಲ. ಎಲ್ಲರಿಗೂ ಒಂದೇ ಉತ್ತರ ಕೊಟ್ಟೆ: ಮೊದಲು ಮಗಳ ಅಮ್ಮನನ್ನು ಕಳಿಸಿ, ಇಶಾ ಆದ ಮೇಲೆ, ಬಿಳಿ ಅಡಿಯ ಶೂ ಹಾಕಿಕೊಂಡು ಬರಲಿ.