ಪಪ್ಪಿ ಲಿನಕ್ಸ್‌ನಲ್ಲಿ ನೆಟ್‌ವರ್ಕ್ ಕಾರ್ಡನ್ನು ಕಾಯಂ ಆಗಿ ನೆಲೆಗೊಳಿಸುವ ಕ್ರಮ

ಮಧುಗಿರಿ, ಕೊರಟಗೆರೆ, ಪಾವಗಡದ ಕಡೆಯ ಶಾಲೆಗಳಿಗೂ ಹಳ್ಳಿಯ ಗ್ರಂಥಾಲಯಗಳಿಗೂ ಬೆಂಗಳೂರಿನ ಕಚೇರಿಗಳಲ್ಲಿ ಬಳಸಿ ಬಿಟ್ಟ ಕಂಪ್ಯೂಟರುಗಳು ದಾನವಾಗಿ ಬರುವುದುಂಟು. ಒಂದು ಜಿಬಿ ರ‍್ಯಾಮ್ ಇರುವ ಇಂಥ ಯಂತ್ರಗಳಲ್ಲಿ ಹೊಸ ವಿಂಡೋಸ್ ನಡೆಯುವುದಿಲ್ಲ. ಆದರೆ ಆಸ್ಟ್ರೇಲಿಯಾದ ಬ್ಯಾರಿ ಕೌಲರ್ 2003ರಲ್ಲಿ ಆರಂಭಿಸಿದ ಪಪ್ಪಿ ಲಿನಕ್ಸ್ ಎಂಬ ಪುಟ್ಟ ಕಾರ್ಯಾಚರಣಾ ವ್ಯವಸ್ಥೆ ಅವುಗಳಲ್ಲಿ ಸಲೀಸಾಗಿ ಓಡುತ್ತದೆ. ತೊಂದರೆ ಕಾಣಿಸುವುದು ಮಾರನೆಯ ದಿನ: ನಿನ್ನೆ ಸಂಜೆ ಸರಿಯಾಗಿ ನಡೆದ ಇಂಟರ್ನೆಟ್ ಇಂದು ಬೆಳಿಗ್ಗೆ ಇರುವುದಿಲ್ಲ, ಮೇಷ್ಟ್ರು ಯಂತ್ರವನ್ನು ಜಾಲಕ್ಕೆ ಜೋಡಿಸುವ ನೆಟ್‌ವರ್ಕ್ ಕಾರ್ಡ್ ಕೆಟ್ಟಿದೆ ಎಂದು ತಿಳಿದು ಯಂತ್ರವನ್ನು ಮೂಲೆಗಿಡುತ್ತಾರೆ. ಬಹಳಷ್ಟು ಸಲ ಕಾರ್ಡಿನಲ್ಲಿ ಯಾವ ದೋಷವೂ ಇರುವುದಿಲ್ಲ. ನೆಟ್‌ವರ್ಕನ್ನು ಒಮ್ಮೆ ನಡೆಸುವುದು ಒಂದು ಕೆಲಸ, ಅದು ದಿನವೂ ತಾನಾಗಿ ನಡೆಯುವಂತೆ ಮಾಡುವುದು ಇನ್ನೊಂದು ಕೆಲಸ. ಈ ಎರಡನೆಯದನ್ನು ಮಾಡದೆ ಬಿಟ್ಟಿರುವುದೇ ಇಲ್ಲಿ ಕಾರಣ.

ಪಪ್ಪಿಯ ಸ್ವಭಾವವನ್ನು ಅರಿತರೆ ಇದು ಸ್ಪಷ್ಟವಾಗುತ್ತದೆ. ಅದು ಪೆನ್‌ಡ್ರೈವಿನಿಂದಲೋ ಹಾರ್ಡ್ ಡಿಸ್ಕಿನಿಂದಲೋ ತನ್ನ ಮೂಲ ಕಡತಗಳನ್ನು ರ‍್ಯಾಮಿಗೆ ತಂದುಕೊಂಡು ಅಲ್ಲಿಂದಲೇ ಕೆಲಸ ಮಾಡುತ್ತದೆ. ಆ ಮೂಲ ಕಡತಗಳು ಓದಲು ಮಾತ್ರ ಸಿಗುವಂಥವು, ಅವುಗಳಲ್ಲಿ ನಾವು ಏನನ್ನೂ ಬದಲಿಸಲಾಗದು. ನಾವು ಮಾಡುವ ಬದಲಾವಣೆಗಳೆಲ್ಲ ಸೇವ್ ಫೈಲ್ ಎಂಬ ಪ್ರತ್ಯೇಕ ಕಡತಕ್ಕೆ ಅಥವಾ ಸೇವ್ ಫೋಲ್ಡರಿಗೆ ಹೋಗಬೇಕು. ಅದು ಇಲ್ಲದಿದ್ದರೆ ಸ್ವಿಚ್ ಆರಿಸಿದ ಕೂಡಲೇ ಎಲ್ಲವೂ ಅಳಿಸಿಹೋಗುತ್ತವೆ. ಆದ್ದರಿಂದ ನೆಟ್‌ವರ್ಕಿಗೆ ಕೈ ಹಾಕುವ ಮುನ್ನವೇ ಸೇವ್ ಫೈಲನ್ನು ಮಾಡಿಕೊಳ್ಳಬೇಕೆಂಬುದು ನನ್ನ ಖಚಿತವಾದ ಸಲಹೆ. ಮೊದಲ ಸಲ ಪಪ್ಪಿಯನ್ನು ಆರಂಭಿಸಿ, ಭಾಷೆ, ಸಮಯ, ಪರದೆಯ ಅಳತೆಗಳನ್ನು ಆರಿಸಿ, ಬೇರೇನನ್ನೂ ಮಾಡದೆ ಶಟ್‌ಡೌನ್ ಕೊಡಿ. ಉಳಿಸಬೇಕೇ ಎಂದು ಅದೇ ಕೇಳುತ್ತದೆ. ಒಪ್ಪಿಕೊಂಡು ಜಾಗವನ್ನು ತೋರಿಸಿ. ಡಿಸ್ಕ್ ಲಿನಕ್ಸ್ ಮಾದರಿಯಲ್ಲಿ ಫಾರ್ಮ್ಯಾಟ್ ಆಗಿದ್ದರೆ ಸೇವ್ ಫೋಲ್ಡರ್ ಆರಿಸುವುದು ಮೇಲು, ಏಕೆಂದರೆ ಅದಕ್ಕೆ ಗಾತ್ರದ ಮಿತಿಯನ್ನು ಮೊದಲೇ ಗೊತ್ತುಮಾಡಬೇಕಾಗಿಲ್ಲ.

ಇಲ್ಲಿ ಒಂದು ಮಾತನ್ನು ಸೇರಿಸಬೇಕು. ಹಾರ್ಡ್ ಡಿಸ್ಕಿನಿಂದ ನಡೆಯುವ ಪಪ್ಪಿ ಬದಲಾವಣೆಗಳನ್ನು ನೇರವಾಗಿ ಸೇವ್ ಫೈಲಿಗೆ ಬರೆಯುತ್ತದೆ. ಪೆನ್‌ಡ್ರೈವಿನಿಂದ ನಡೆಯುವಾಗ, ಪೆನ್‌ಡ್ರೈವ್ ಬೇಗ ಸವೆಯದಿರಲೆಂದು, ಬದಲಾವಣೆಗಳನ್ನು ರ‍್ಯಾಮಿನಲ್ಲೇ ಇಟ್ಟುಕೊಂಡು ಆಗಾಗ ಅಥವಾ ಶಟ್‌ಡೌನ್ ಹೊತ್ತಿಗೆ ಮಾತ್ರ ಬರೆಯುತ್ತದೆ. ಮಧ್ಯಾಹ್ನ ಹೇಳದೆ ಕೇಳದೆ ಕರೆಂಟ್ ಹೋಗುವ ನಮ್ಮ ಊರುಗಳಲ್ಲಿ ಈ ವ್ಯತ್ಯಾಸಕ್ಕೆ ಬಹಳ ಬೆಲೆಯಿದೆ. ಪೆನ್‌ಡ್ರೈವಿನಿಂದ ಕೆಲಸ ಮಾಡುವವರು ನೆಟ್‌ವರ್ಕ್ ಸರಿಹೋದ ಕೂಡಲೇ ಡೆಸ್ಕ್‌ಟಾಪಿನ ಮೇಲಿರುವ ಸೇವ್ ಗುರುತನ್ನು ಒತ್ತಬೇಕು.

ಮುಂದೆ ಬರುವ ಕಮಾಂಡುಗಳನ್ನು ಉಚ್ಚಾರಕ್ಕೆ ತಕ್ಕಂತೆ ಕನ್ನಡದಲ್ಲಿ ಬರೆದಿದ್ದೇನೆ; ಕಮಾಂಡುಗಳನ್ನು ಕೊಡುವ ಕಿಟಕಿಯಾದ ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ, ಕಮಾಂಡಿನ ಹೆಸರಿನ ನಡುವೆ ಜಾಗವಿಲ್ಲದೆ ಒತ್ತಬೇಕು; ಅದರ ಮುಂದೆ ಮಾಡ್ಯೂಲ್ ಅಥವಾ ವಿಳಾಸದ ಹೆಸರು ಬರುವುದಿದ್ದರೆ ಅದಕ್ಕೆ ಮೊದಲು ಒಂದು ಜಾಗ ಬಿಡಬೇಕು. ಪಪ್ಪಿಯಲ್ಲಿ ನಾವು ಮೊದಲಿನಿಂದಲೂ ಎಲ್ಲ ಅಧಿಕಾರವಿರುವ ರೂಟ್ ಬಳಕೆದಾರರಾಗಿಯೇ ಇರುವುದರಿಂದ ಪಾಸ್‌ವರ್ಡ್ ಕೇಳುವ ಪ್ರಸಂಗ ಬರುವುದಿಲ್ಲ.

ತಂತ್ರಾಂಶಕ್ಕೆ ಹೋಗುವ ಮೊದಲು ಕೇಬಲ್ ನೋಡಿ. ಲ್ಯಾನ್ ಪೋರ್ಟಿನ ಪಕ್ಕದ ಪುಟ್ಟ ದೀಪ ಉರಿಯದಿದ್ದರೆ ಕೇಬಲ್, ಅದರ ತುದಿಯ ಕನೆಕ್ಟರ್, ಆಚೆ ಬದಿಯ ಸ್ವಿಚ್, ಇವುಗಳನ್ನು ಪರೀಕ್ಷಿಸಿ. ಈಥರ್ನೆಟ್ ಕೇಬಲ್ಲಿನ ಒಂದು ತುಂಡು 100 ಮೀಟರ್ ಮೀರಬಾರದು. ಪಂಚಾಯಿತಿ ಕಚೇರಿಯಿಂದ ಪಕ್ಕದ ಬೀದಿಯ ಶಾಲೆಗೆ ಎಳೆದ ತಂತಿ ಈ ಮಿತಿಯನ್ನು ದಾಟಿರುತ್ತದೆ, ಆಗ ಸಂಪರ್ಕ ಬಂದು ಹೋಗಿ ಮಾಡುತ್ತದೆ. ಮುಂಗಾರಿನ ಸಿಡಿಲಿಗೆ ಮದರ್‌ಬೋರ್ಡಿನ ಲ್ಯಾನ್ ಪೋರ್ಟ್ ಸುಟ್ಟಿದ್ದರೆ ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಸಿಗುವ ಪಿಸಿಐ ಕಾರ್ಡೊಂದನ್ನು ಹಾಕಿಸಬಹುದು. ಹಾಗೆ ಮಾಡಿದಾಗ ಯಂತ್ರ ಏಳುವಾಗ ತೆರೆಯಬಹುದಾದ ಬಯೋಸ್ ಎಂಬ ಮೂಲ ಹೊಂದಿಕೆಗೆ ಹೋಗಿ ಹಳೆಯ ಪೋರ್ಟನ್ನು ನಿಷ್ಕ್ರಿಯಗೊಳಿಸಿ. ಲಿನಕ್ಸ್ ತಂತಿ ಕಾರ್ಡುಗಳನ್ನು ಈಥ್0, ಈಥ್1 ಎಂದು ಕರೆಯುತ್ತದೆ; ಎರಡೂ ಜೀವಂತವಾಗಿದ್ದರೆ ಯಾವುದು ಯಾವುದೆಂಬ ಗೊಂದಲ ತಪ್ಪದು.

ಈಗ ಕಾರ್ಡನ್ನು ಗುರುತಿಸೋಣ. ಡಬ್ಬಿಯ ಮೇಲಿನ ಹೆಸರನ್ನು ನಂಬಬೇಡಿ, ಒಂದೇ ಹೆಸರಿನಲ್ಲಿ ಬೇರೆ ಬೇರೆ ಚಿಪ್‌ಗಳು ಮಾರಾಟವಾಗಿವೆ. ಯಂತ್ರದೊಳಗಿನ ಕಾರ್ಡಿಗೆ ಎಲ್ಎಸ್‌ಪಿಸಿಐ ಎಂದು ಒತ್ತಿ, ಒಂದು ಜಾಗ ಬಿಟ್ಟು, ಅಡ್ಡಗೆರೆ ಮತ್ತು ಕೆ ಅಕ್ಷರವನ್ನು ಸೇರಿಸಿ. ಹೊರಗಿನಿಂದ ಚುಚ್ಚುವ ಯುಎಸ್‌ಬಿ ಡಾಂಗಲ್‌ಗೆ ಎಲ್ಎಸ್‌ಯುಎಸ್‌ಬಿ ಸಾಕು. ಉತ್ತರದಲ್ಲಿ ನಾಲ್ಕು ನಾಲ್ಕು ಅಂಕಿಗಳ ಎರಡು ಗುಂಪು ಸಿಗುತ್ತದೆ (ಸಿಗದಿದ್ದರೆ ಎಲ್ಎಸ್‌ಪಿಸಿಐ ಜೊತೆಗೆ ಅಡ್ಡಗೆರೆ ಎನ್‌ಎನ್ ಕೊಡಿ). ಮೊದಲ ಗುಂಪು ತಯಾರಕರದು. ಯಂತ್ರದೊಳಗಿನ ಕಾರ್ಡುಗಳಲ್ಲಿ 10ಇಸಿ ಎಂದರೆ ರಿಯಲ್‌ಟೆಕ್, 8086 ಎಂದರೆ ಇಂಟೆಲ್, 14ಇ4 ಎಂದರೆ ಬ್ರಾಡ್‌ಕಾಮ್, 168ಸಿ ಎಂದರೆ ಅಥೆರೋಸ್. ಎರಡನೆಯ ಗುಂಪು ಚಿಪ್ ಮಾದರಿಯದು. ಈ ಎಂಟು ಅಂಕಿಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ, ಮುಂದಿನ ಹುಡುಕಾಟವೆಲ್ಲ ಇವುಗಳ ಮೇಲೆಯೇ ನಿಲ್ಲುತ್ತದೆ.

ಅಡ್ಡಗೆರೆ ಕೆ ಕೊಟ್ಟಿದ್ದರಿಂದ ಇನ್ನೊಂದು ಸಾಲೂ ಬರುತ್ತದೆ: ಈಗ ಯಾವ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಬಳಕೆಯಲ್ಲಿದೆ ಎಂದು. ಅಲ್ಲಿ ಹೆಸರಿದ್ದರೆ ಡ್ರೈವರ್ ಸಮಸ್ಯೆ ಬಹುಮಟ್ಟಿಗೆ ಇಲ್ಲ; ನೇರವಾಗಿ ಸಂಪರ್ಕ ಹೊಂದಿಸುವ ಹಂತಕ್ಕೆ ಹೋಗಬಹುದು. ಹಳೆಯ ರಿಯಲ್‌ಟೆಕ್ 8139 ಕಾರ್ಡಿಗೆ 8139ಟೂ ಎಂಬ ಡ್ರೈವರ್, ನಂತರದ ಗಿಗಾಬಿಟ್ ಚಿಪ್‌ಗಳಿಗೆ ಆರ್8169 ಎಂಬುದು ಲಿನಕ್ಸ್‌ನ ತಿರುಳಾದ ಕರ್ನಲ್ ಜೊತೆಗೇ ಬಂದಿರುತ್ತವೆ. ಅಥೆರೋಸ್‌ನ ಎಟಿಎಚ್9ಕೆ ಬಳಸುವ ಪಿಸಿಐ ವೈಫೈ ಕಾರ್ಡುಗಳು ನನಗೆ ಅಚ್ಚುಮೆಚ್ಚು, ಏಕೆಂದರೆ ಅವುಗಳಿಗೆ ಚಿಪ್ಪಿನೊಳಗೆ ಏರಿಸುವ ಫರ್ಮ್‌ವೇರ್ ಎಂಬ ಪ್ರತ್ಯೇಕ ಕಡತವೇ ಬೇಡ.

ಡ್ರೈವರ್ ಹೆಸರಿರಬೇಕಾದ ಆ ಸಾಲು ಖಾಲಿಯಿದ್ದರೆ ಮೊದಲು ಪಪ್ಪಿಯ ಕಡತಗಳೆಲ್ಲ ಡಿಸ್ಕಿನಲ್ಲಿ ಇವೆಯೇ ಎಂದು ನೋಡಬೇಕು. ಇಳಿಸಿಕೊಂಡ ಐಎಸ್‌ಒ ಕಡತವನ್ನು ಬಿಚ್ಚಿ ಕಡತಗಳನ್ನು ಕೈಯಾರೆ ನಕಲು ಮಾಡುವವರು ವಿಎಂಲಿನಜ್, ಇನಿಟ್‌ಆರ್‌ಡಿ ಮತ್ತು ಮುಖ್ಯ ಎಸ್‌ಎಫ್‌ಎಸ್ ಕಡತ ಇಷ್ಟನ್ನೇ ತಂದು, ಝಡ್‌ಡಿಆರ್‌ವಿ ಎಂದು ಶುರುವಾಗುವ ಕಡತವನ್ನು ಬಿಟ್ಟಿರುತ್ತಾರೆ. ಡ್ರೈವರುಗಳೆಲ್ಲ ಇರುವುದು ಅದರಲ್ಲೇ. ಫೋಸಾಪಪ್‌ನಂಥ ಆವೃತ್ತಿಗಳಲ್ಲಿ ಫರ್ಮ್‌ವೇರ್‌ಗೆ ಎಫ್‌ಡಿಆರ್‌ವಿ ಎಂಬ ಮತ್ತೊಂದು ಕಡತವೂ ಇದೆ. ಇವನ್ನು ಉಳಿದವುಗಳ ಪಕ್ಕದಲ್ಲಿಟ್ಟು ಮತ್ತೆ ಆರಂಭಿಸಿದರೆ ಕಾರ್ಡ್ ತಾನಾಗಿ ಎಚ್ಚರಗೊಳ್ಳುವುದನ್ನು ನಾನು ಅನೇಕ ಕಡೆ ಕಂಡಿದ್ದೇನೆ.

ಡ್ರೈವರ್ ಇದ್ದೂ ವೈಫೈ ಏಳದಿದ್ದರೆ ಕರ್ನಲ್‌ನ ಸಂದೇಶಗಳನ್ನು ತೋರಿಸುವ ಡಿಎಂಇಎಸ್‌ಜಿ ಕಮಾಂಡ್ ಕೊಟ್ಟು, ಫರ್ಮ್‌ವೇರ್ ಎಂಬ ಪದವಿರುವ ಸಾಲುಗಳನ್ನು ಹುಡುಕಿ. ಲೋಡ್ ವಿಫಲವಾಯಿತು, ದೋಷ ಸಂಖ್ಯೆ -2 ಎಂದಿದ್ದರೆ ಆ ಹೆಸರಿನ ಕಡತವೇ ಇಲ್ಲವೆಂದು ಅರ್ಥ. ಅದೇ ಸಾಲಿನಲ್ಲಿ ಕಡತದ ಪೂರ್ತಿ ಹೆಸರೂ ಇರುತ್ತದೆ. ಅದನ್ನು ಲಿನಕ್ಸ್ ಫರ್ಮ್‌ವೇರ್ ಸಂಗ್ರಹದಿಂದ ತಂದು ಲಿಬ್ ಫೋಲ್ಡರಿನೊಳಗಿನ ಫರ್ಮ್‌ವೇರ್ ಫೋಲ್ಡರಿಗೆ ಹಾಕಬೇಕು. ನೆಟ್ ಇಲ್ಲದ ಯಂತ್ರಕ್ಕೆ ಅದನ್ನು ತರುವುದು ಹೇಗೆಂದು ಚಿಂತಿಸಬೇಕಾಗಿಲ್ಲ: ಆಂಡ್ರಾಯ್ಡ್ ಫೋನನ್ನು ಡೇಟಾ ಕೇಬಲ್ಲಿನಿಂದ ಜೋಡಿಸಿ, ಫೋನಿನ ಇಂಟರ್ನೆಟ್ಟನ್ನು ಯಂತ್ರಕ್ಕೆ ಕೊಡುವ ಯುಎಸ್‌ಬಿ ಟೆದರಿಂಗ್ ಹಾಕಿದರೆ ಪಪ್ಪಿಗೆ ಅದು ಯುಎಸ್‌ಬಿ0 ಎಂಬ ತಂತಿ ಸಂಪರ್ಕದಂತೆಯೇ ಕಾಣಿಸುತ್ತದೆ.

ಕೆಲವು ವೈಫೈ ಡಾಂಗಲ್‌ಗಳು ಜೋಡಿಸಿದಾಗ ಮೊದಲು ಸಿಡಿಯಂತೆ ತೋರಿಕೊಳ್ಳುತ್ತವೆ, ಏಕೆಂದರೆ ಅವುಗಳೊಳಗೆ ವಿಂಡೋಸ್ ಡ್ರೈವರನ್ನು ತುಂಬಿರುತ್ತಾರೆ. ಎಲ್ಎಸ್‌ಯುಎಸ್‌ಬಿಯಲ್ಲಿ 0ಬಿಡಿಎ:1ಎ2ಬಿ ಎಂದು ಕಂಡರೆ ನಿಮ್ಮ ಡಾಂಗಲ್ ಈ ಜಾತಿಯದು. ಯುಎಸ್‌ಬಿ ಮೋಡ್‌ಸ್ವಿಚ್ ಎಂಬ ತಂತ್ರಾಂಶ ಅದನ್ನು ವೈಫೈ ರೂಪಕ್ಕೆ ತಿರುಗಿಸುತ್ತದೆ.

ಎರಡು ಡ್ರೈವರುಗಳು ಒಂದೇ ಕಾರ್ಡಿಗೆ ಕೈ ಹಾಕುವುದು ಕಾಯಂ ಸಂಪರ್ಕಕ್ಕೆ ದೊಡ್ಡ ಅಡ್ಡಿ. ಬ್ರಾಡ್‌ಕಾಮ್ ವೈಫೈ ಇರುವ ಹಳೆಯ ಲ್ಯಾಪ್‌ಟಾಪುಗಳಲ್ಲಿ ಇದು ಹೆಚ್ಚು: ತಯಾರಕರ ಡಬ್ಲ್ಯೂಎಲ್ ಡ್ರೈವರ್ ಬೇಕಾಗಿರುವಾಗ ಬಿ43, ಎಸ್‌ಎಸ್‌ಬಿ, ಬಿಸಿಎಂಎ ಎಂಬ ಮಾಡ್ಯೂಲ್‌ಗಳು (ಕರ್ನಲ್ಲಿಗೆ ಏರಿಸುವ ಡ್ರೈವರ್ ತುಣುಕುಗಳು) ಮೊದಲೇ ಬಂದು ಕುಳಿತರೆ ಅದಕ್ಕೆ ಕಾರ್ಡ್ ಸಿಗುವುದಿಲ್ಲ. ಬೂಟ್ ಸಮಯದಲ್ಲಿ, ಅಂದರೆ ಯಂತ್ರ ಆರಂಭವಾಗುವಾಗ, ಯಾವುದು ಮೊದಲು ಏಳುತ್ತದೆಂಬುದರ ಮೇಲೆ ಒಂದು ದಿನ ವೈಫೈ ಇರುತ್ತದೆ, ಇನ್ನೊಂದು ದಿನ ಇರುವುದಿಲ್ಲ. ರಿಯಲ್‌ಟೆಕ್ 8139ಕ್ಕೂ 8139ಟೂ ಮತ್ತು 8139ಸಿಪಿ ಎಂಬ ಎರಡು ಡ್ರೈವರುಗಳಿವೆ. ಆದರೆ ಅಲ್ಲಿ ತನಗೆ ಸೇರದ ಚಿಪ್ ಕಂಡರೆ ಸಿಪಿ ಡ್ರೈವರ್ ತಾನೇ ಹಿಂದೆ ಸರಿದು, ಟೂ ಬಳಸಿ ಎಂದು ಡಿಎಂಇಎಸ್‌ಜಿಯಲ್ಲಿ ಬರೆಯುತ್ತದೆ. ಆ ಸಾಲನ್ನು ಕಂಡು ಗಾಬರಿಯಾಗಬೇಕಾಗಿಲ್ಲ.

ಪರೀಕ್ಷೆಗಾಗಿ ಆರ್‌ಎಂಮಾಡ್ ಕಮಾಂಡಿನಿಂದ ಬೇಡದ ಮಾಡ್ಯೂಲನ್ನು ತೆಗೆದು, ಮಾಡ್‌ಪ್ರೋಬ್ ಕಮಾಂಡಿನಿಂದ ಬೇಕಾದುದನ್ನು ಏರಿಸಿ ನೋಡಬಹುದು. ಸಂಪರ್ಕ ಬಂದರೆ ಕಾರಣ ತಿಳಿಯಿತೆಂದಾಯಿತು, ಆದರೆ ಇದು ಮುಂದಿನ ಬೂಟ್‌ವರೆಗೆ ಮಾತ್ರ ಇರುವ ಏರ್ಪಾಡು. ಇದನ್ನು ಕಾಯಂಗೊಳಿಸಲು ಮೆನುವಿನ ಸಿಸ್ಟಂ ವಿಭಾಗದಲ್ಲಿ ಬೂಟ್‌ಮ್ಯಾನೇಜರ್ ತೆರೆದು, ಬೇಡದ ಮಾಡ್ಯೂಲ್‌ಗಳನ್ನು ಏರಿಸಬಾರದವುಗಳ ಪಟ್ಟಿಯಾದ ಬ್ಲ್ಯಾಕ್‌ಲಿಸ್ಟಿಗೆ ಸೇರಿಸಿ, ಬೇಕಾದುದನ್ನು ಏರಿಸುವ ಪಟ್ಟಿಗೆ ಸೇರಿಸಬೇಕು. ಹಲವರು ಇದರ ಬದಲು ಇಟಿಸಿ ಫೋಲ್ಡರಿನ ಆರ್‌ಸಿ ಡಾಟ್ ಡಿ ಒಳಗಿರುವ ಆರ್‌ಸಿ ಡಾಟ್ ಲೋಕಲ್ ಕಡತದಲ್ಲಿ ಮಾಡ್‌ಪ್ರೋಬ್ ಸಾಲನ್ನು ಬರೆಯುತ್ತಾರೆ. ಅದೂ ನಡೆಯುತ್ತದೆ, ಆದರೆ ಆ ಕಡತದ ಸರದಿ ಬರುವ ಹೊತ್ತಿಗೆ ಪಪ್ಪಿ ನೆಟ್‌ವರ್ಕಿಗಾಗಿ ಪ್ರಯತ್ನಿಸಿ ಕೈಬಿಟ್ಟಿರಬಹುದು. ಡ್ರೈವರ್ ತಡವಾಗಿ ಬಂದರೆ ಸಂಪರ್ಕವನ್ನು ಮತ್ತೆ ಕೈಯಾರೆ ಕೊಡಬೇಕಾಗುತ್ತದೆ. ಆದ್ದರಿಂದ ಬೂಟ್‌ಮ್ಯಾನೇಜರ್ ದಾರಿಯನ್ನೇ ಮೊದಲು ಹಿಡಿಯಿರಿ.

ಸಂಪರ್ಕ ಹೊಂದಿಸುವುದು ಸುಲಭದ ಕೆಲಸ. ಡೆಸ್ಕ್‌ಟಾಪಿನ ಕನೆಕ್ಟ್ ಗುರುತನ್ನು ಒತ್ತಿದರೆ ಸಿಂಪಲ್ ನೆಟ್‌ವರ್ಕ್ ಸೆಟಪ್, ನೆಟ್‌ವರ್ಕ್ ವಿಝಾರ್ಡ್, ಫ್ರಿಸ್ಬಿ ಎಂಬ ಹೆಸರುಗಳು ಆವೃತ್ತಿಗೆ ತಕ್ಕಂತೆ ಕಾಣುತ್ತವೆ. ಇವುಗಳಲ್ಲಿ ಒಂದನ್ನೇ ಆರಿಸಿಕೊಂಡು ಅದರಲ್ಲೇ ಉಳಿಯಿರಿ. ಎರಡನ್ನು ಬೆರೆಸಿದರೆ ಒಂದರ ಹೊಂದಿಕೆಯನ್ನು ಇನ್ನೊಂದು ಕೆಡಿಸುತ್ತದೆ. ತಂತಿ ಸಂಪರ್ಕಕ್ಕೆ ಸಿಂಪಲ್ ನೆಟ್‌ವರ್ಕ್ ಸೆಟಪ್ ಸಾಕು: ಈಥ್0 ಒತ್ತಿ, ಡಿಎಚ್‌ಸಿಪಿ ಆರಿಸಿದರೆ ಯಂತ್ರಕ್ಕೆ ಬೇಕಾದ ಜಾಲ ವಿಳಾಸವನ್ನು ರೌಟರ್ ತಾನಾಗಿಯೇ ಕೊಡುತ್ತದೆ. ನೆಟ್‌ವರ್ಕ್ ವಿಝಾರ್ಡ್ ಬಳಸಿದವರು, ಮುಂದಿನ ಸಲಕ್ಕೂ ಈ ಹೊಂದಿಕೆ ಇರಲಿ ಎಂಬ ಕೊನೆಯ ಪ್ರಶ್ನೆಗೆ ಹೌದು ಎನ್ನುವುದನ್ನು ಮರೆಯಬಾರದು. ವೈಫೈ ಹೆಸರೇ ಪಟ್ಟಿಯಲ್ಲಿ ಕಾಣದಿದ್ದರೆ ರೌಟರ್ 5 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಪ್ರಸಾರ ಮಾಡುತ್ತಿದೆಯೇ ನೋಡಿ, ಹಳೆಯ ಕಾರ್ಡುಗಳಲ್ಲಿ ಬಹುಪಾಲು 2.4 ಗಿಗಾಹರ್ಟ್ಸ್‌ಗೆ ಸೀಮಿತ. ಹೆಸರು ಕಂಡೂ ಪಾಸ್‌ವರ್ಡ್ ಒಪ್ಪದಿದ್ದರೆ ರೌಟರಿನ ಭದ್ರತೆಯನ್ನು ಡಬ್ಲ್ಯೂಪಿಎ2ಕ್ಕೆ ಇಳಿಸಿ ನೋಡಿ.

ಇಷ್ಟಾದ ಮೇಲೆ ಸೇವ್ ಒತ್ತಿ, ಶಟ್‌ಡೌನ್ ಮಾಡಿ, ಯಂತ್ರದ ಪ್ಲಗ್ಗನ್ನೇ ಗೋಡೆಯಿಂದ ಕಿತ್ತು, ಪವರ್ ಬಟನ್ನನ್ನು ಕೆಲವು ಸೆಕೆಂಡು ಒತ್ತಿ ಹಿಡಿಯಿರಿ. ಬರಿಯ ರೀಸ್ಟಾರ್ಟ್ ನಿಜವಾದ ಪರೀಕ್ಷೆಯಲ್ಲ: ರೀಸ್ಟಾರ್ಟ್‌ನಲ್ಲಿ ಕಾರ್ಡಿಗೆ ವಿದ್ಯುತ್ ತಪ್ಪುವುದಿಲ್ಲ, ಹಿಂದಿನ ಸಲ ಏರಿಸಿದ ಫರ್ಮ್‌ವೇರ್ ಚಿಪ್ಪಿನಲ್ಲಿ ಉಳಿದು, ಎಲ್ಲ ಸರಿಯಿರುವಂತೆ ತೋರಬಹುದು. ಇದಕ್ಕೆ ವಿರುದ್ಧವಾದ ಪ್ರಸಂಗವೂ ಇದೆ. ವಿಂಡೋಸ್ ಕೂಡ ಇರುವ ಯಂತ್ರದಲ್ಲಿ ಕೆಲವು ರಿಯಲ್‌ಟೆಕ್ ಕಾರ್ಡುಗಳನ್ನು ವಿಂಡೋಸ್ ಡ್ರೈವರ್ ಮುಚ್ಚುವಾಗ ನಿದ್ರೆಗೆ ದೂಡುತ್ತದೆ, ಆಮೇಲೆ ಲಿನಕ್ಸ್‌ನಲ್ಲಿ ದೀಪವೇ ಉರಿಯುವುದಿಲ್ಲ. ಪ್ಲಗ್ ಕಿತ್ತು ಹಾಕಿದರೆ ತಾತ್ಕಾಲಿಕವಾಗಿ ಸರಿಹೋಗುತ್ತದೆ. ಕಾಯಂ ಪರಿಹಾರವೆಂದರೆ ವಿಂಡೋಸ್‌ನ ಡ್ರೈವರ್ ಹೊಂದಿಕೆಯಲ್ಲಿ ಶಟ್‌ಡೌನ್ ನಂತರದ ವೇಕ್ ಆನ್ ಲ್ಯಾನ್ (ಯಂತ್ರ ಆರಿದ್ದರೂ ಕಾರ್ಡನ್ನು ಎಚ್ಚರವಾಗಿಡುವ ಆಯ್ಕೆ) ಅನ್ನು ಸಕ್ರಿಯಗೊಳಿಸುವುದು.

ಮತ್ತೆ ಆರಂಭಿಸಿದಾಗ ಟರ್ಮಿನಲ್‌ನಲ್ಲಿ ಆಚೆಯಿಂದ ಉತ್ತರ ಬರುತ್ತದೆಯೇ ಎಂದು ನೋಡುವ ಪಿಂಗ್ ಕಮಾಂಡನ್ನು ಮೊದಲು 8.8.8.8 ಎಂಬ ಅಂಕಿಗೆ, ಬಳಿಕ ಒಂದು ಜಾಲತಾಣದ ಹೆಸರಿಗೆ ಕೊಡಿ. ಅಂಕಿಗೆ ಉತ್ತರ ಬಂದು ಹೆಸರಿಗೆ ಬರದಿದ್ದರೆ ಕಾರ್ಡ್ ಚೆನ್ನಾಗಿದೆ, ಹೆಸರನ್ನು ಅಂಕಿಯ ವಿಳಾಸವಾಗಿಸುವ ಡಿಎನ್‌ಎಸ್‌ನ ಹೊಂದಿಕೆ ತಪ್ಪಿದೆ. ಎರಡಕ್ಕೂ ಉತ್ತರ ಬಂದು ಬ್ರೌಸರ್ ಮಾತ್ರ ಪುಟ ತೆರೆಯದೆ ಭದ್ರತೆಯ ಎಚ್ಚರಿಕೆ ತೋರಿಸಿದರೆ ಪರದೆಯ ಮೂಲೆಯಲ್ಲಿನ ಗಡಿಯಾರವನ್ನು ನೋಡಿ. ಹಳೆಯ ಮದರ್‌ಬೋರ್ಡಿನ ಸಿಆರ್2032 ಬ್ಯಾಟರಿ ಸತ್ತಿದ್ದರೆ ಪ್ರತಿ ಬಾರಿ ಪ್ಲಗ್ ಕಿತ್ತಾಗಲೂ ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ, ಆಗ ಜಾಲತಾಣಗಳ ಭದ್ರತಾ ಪ್ರಮಾಣಪತ್ರಗಳ ಅವಧಿ ಇನ್ನೂ ಶುರುವೇ ಆಗಿಲ್ಲವೆಂದು ಬ್ರೌಸರ್ ಎಣಿಸುತ್ತದೆ. ಕರೆಂಟ್ ಹೋದ ಮಾರನೆಯ ದಿನವೆಲ್ಲ ನೆಟ್ ಇಲ್ಲ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಈ ಸಣ್ಣ ಬ್ಯಾಟರಿಯೇ. ಅದು ಕೈಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ, ಬೆಲೆಯೂ ಕಡಿಮೆ. ಹಳೆಯ ಯಂತ್ರ ಕೈಗೆ ಬಂದ ದಿನವೇ ಬದಲಿಸಿಬಿಡಿ.

ಕೆಲವು ವಾರ ಸರಿಯಾಗಿ ನಡೆದು ಆಮೇಲೆ ಕೈಕೊಟ್ಟರೆ, ಆರಂಭದ ಮೆನುವಿನಲ್ಲಿರುವ ಬೂಟ್ ಸಾಲಿಗೆ ಪಿಫಿಕ್ಸ್ ಈಕ್ವಲ್ ಟು ರ‍್ಯಾಮ್ (pfix=ram) ಎಂಬ ಸೂಚನೆಯನ್ನು ಸೇರಿಸಿ ಆರಂಭಿಸಿ. ಆಗ ಪಪ್ಪಿ ಸೇವ್ ಫೈಲನ್ನು ಬದಿಗಿಟ್ಟು ಹೊಸದಾಗಿ ಏಳುತ್ತದೆ. ಈ ಸ್ಥಿತಿಯಲ್ಲಿ ಕನೆಕ್ಟ್ ಮೂಲಕ ನೆಟ್ ಬಂದರೆ ಕಾರ್ಡೂ ಡ್ರೈವರೂ ಸರಿಯಿವೆ, ಕೆಟ್ಟಿರುವುದು ಸೇವ್ ಫೈಲು. ನಡುವೆ ವಿದ್ಯುತ್ ಕಡಿದಾಗ ಹೀಗಾಗುವುದುಂಟು. ಇದಕ್ಕಾಗಿಯೇ ಎಲ್ಲವೂ ಸರಿಯಿರುವ ದಿನ, ರ‍್ಯಾಮ್ ಮೋಡ್‌ನಲ್ಲಿ ಆರಂಭಿಸಿ, ಸೇವ್ ಫೈಲಿನ ಒಂದು ನಕಲನ್ನು ಬೇರೆ ಪೆನ್‌ಡ್ರೈವಿಗೆ ತೆಗೆದಿಡಬೇಕು. ಒಂದೇ ಮಾದರಿಯ ಹಲವು ಯಂತ್ರಗಳಿರುವ ಲ್ಯಾಬಿನಲ್ಲಿ ಈ ನಕಲನ್ನೇ ಉಳಿದವಕ್ಕೂ ಹಾಕಿದರೆ ಬೂಟ್‌ಮ್ಯಾನೇಜರಿನ ಪಟ್ಟಿಗಳು, ಫರ್ಮ್‌ವೇರ್, ವೈಫೈ ಪಾಸ್‌ವರ್ಡ್ ಎಲ್ಲ ಜೊತೆಗೇ ಬರುತ್ತವೆ. ಪ್ರತಿ ಕಾರ್ಡಿನ ಮ್ಯಾಕ್ ವಿಳಾಸ (ಕಾರ್ಖಾನೆಯಲ್ಲೇ ಕೊಟ್ಟ ಗುರುತಿನ ಸಂಖ್ಯೆ) ಬೇರೆಯಾದ್ದರಿಂದ ಕನೆಕ್ಟ್ ಹಂತವನ್ನು ಮಾತ್ರ ಆಯಾ ಯಂತ್ರದಲ್ಲಿ ಒಮ್ಮೆ ನಡೆಸಿ ಸೇವ್ ಮಾಡಿ. ಯಂತ್ರದ ಹೆಸರನ್ನೂ ಬದಲಿಸಿ. ಯಾವುದಾದರೂ ಯಂತ್ರಕ್ಕೆ ಬದಲಾಗದ ವಿಳಾಸ ಬೇಕಿದ್ದರೆ ಅದನ್ನು ಸೇವ್ ಫೈಲಿನಲ್ಲಿ ಬರೆಯದೆ, ರೌಟರಿನಲ್ಲೇ ಅದರ ಮ್ಯಾಕ್ ವಿಳಾಸಕ್ಕೆ ಕಾದಿರಿಸಿ. ಹಾಗಾದರೆ ನಕಲಾದ ಎರಡು ಯಂತ್ರಗಳು ಒಂದೇ ವಿಳಾಸಕ್ಕಾಗಿ ಡಿಕ್ಕಿ ಹೊಡೆಯುವುದಿಲ್ಲ.